ಸ್ಟಾಕ್ ಅವರದ್ದು, ತಾರೀಕು ನಮ್ಮದು

ಹಿರಿಯಡ್ಕ ಪೇಟೆಯಲ್ಲಿ ನಮ್ಮ ಮನೆಗೆ ಸಾಮಾನು ತರುವ ಅಂಗಡಿಗೆ ಬ್ರೆಡ್ಡಿನ ಗಾಡಿ ಬರ್ತದೆ. ಗಾಡಿಯವರು ಎಷ್ಟು ಬೇಕು ಅಂತ ಕೇಳುವುದಿಲ್ಲ. ಗಾಜಿನ ಪೆಟ್ಟಿಗೆ ನೋಡಿ, ತಾರೀಕು ಮೀರಿದ ಬನ್ನು ತೆಗೆದು, ಖಾಲಿಯಾದಷ್ಟು ತುಂಬಿಸಿ, ಖರ್ಚಾದದ್ದರ ದುಡ್ಡು ಅಲ್ಲೇ ಎಣಿಸಿಕೊಂಡು ಹೋಗ್ತಾರೆ. ಜಾತ್ರೆ ಹತ್ತಿರ ಬಂದರೆ ಎರಡು ಟ್ರೇ ಹೆಚ್ಚು. ಮ್ಯಾನೇಜ್‌ಮೆಂಟ್ ಪುಸ್ತಕಗಳಲ್ಲಿ ಇದರ ಹೆಸರು ವೆಂಡರ್ ಮ್ಯಾನೇಜ್ಡ್ ಇನ್ವೆಂಟರಿ. 1980ರ ದಶಕದಲ್ಲಿ ವಾಲ್‌ಮಾರ್ಟ್, ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್ ಸೇರಿ ಇದನ್ನು ಕಂಪ್ಯೂಟರಿನಲ್ಲಿ ಮಾಡಿ ಹೆಸರು ಗಳಿಸಿದವು.

ಕೆಲವು ವರ್ಷಗಳ ಹಿಂದೆ ಒಂದು ಸರ್ಕಾರಿ ಕಂಪೆನಿಗೆ (ಹೆಸರು ಬೇಡ) ಇದೇ ವ್ಯವಸ್ಥೆಯ ಸಾಫ್ಟ್‌ವೇರ್ ಬರೆದ ತಂಡದಲ್ಲಿ ನಾನಿದ್ದೆ. ಬೋಲ್ಟು, ಬೇರಿಂಗು ಕಂಪೆನಿಯ ಸ್ಟೋರಿನಲ್ಲೇ ಇರ್ತವೆ, ಆದರೆ ಬಳಸುವ ತನಕ ಅವು ಸರಬರಾಜುದಾರನ ಸ್ವತ್ತು. ಮೊದಲ ವರ್ಷವೇ ಕಂಪೆನಿಯ ಪುಸ್ತಕದಲ್ಲಿ ದಾಸ್ತಾನಿನ ಮೌಲ್ಯ ಇಳಿಯಿತು. ಪಿಪಿಟಿ, ಚಪ್ಪಾಳೆ, ಸಮೋಸ. ಶೆಲ್ಫಿನಲ್ಲಿ ಮಾತ್ರ ಅಷ್ಟೇ ಸಾಮಾನು ಇತ್ತು. ಬದಲಾದದ್ದು ಯಾರ ದುಡ್ಡು ಅಲ್ಲಿ ಕೂತಿದೆ ಅನ್ನುವುದಷ್ಟೇ.

ಇನ್ನೂ ಕೆಟ್ಟದ್ದೊಂದು ಉಂಟು. ಬಳಕೆಯ ಲೆಕ್ಕವನ್ನು ಸ್ಟೋರಿನವರು ತಿಂಗಳ ಕೊನೆಗೆ, ಸಹಿ ಎಲ್ಲ ಆದ ಮೇಲೆ, ಒಟ್ಟಿಗೆ ಹಾಕ್ತಿದ್ದರು. ಸರಬರಾಜುದಾರನ ಸ್ಕ್ರೀನಿನಲ್ಲಿ ಕಾಣುವುದು ಹಳೇ ಸ್ಟಾಕು. ಇಲ್ಲಿ ಬೇರಿಂಗ್ ಮುಗಿದು ಯಂತ್ರ ನಿಂತಿದ್ದರೂ ಅಲ್ಲಿ ಪೆಟ್ಟಿಗೆ ತುಂಬಿಯೇ ಇದೆ. ದಾಸ್ತಾನು ಇಳಿದದ್ದು ಸಾಧನೆಯ ಪಟ್ಟಿಗೆ ಹೋಯಿತು, ಯಂತ್ರ ನಿಂತ ಗಂಟೆಗಳು ಬೇರೆ ಇಲಾಖೆಯ ರಿಜಿಸ್ಟರಿಗೆ.

ದುಡ್ಡಿನ ಕಥೆಯೂ ಹಾಗೇ. ಸಣ್ಣ ಉದ್ದಿಮೆಗಳಿಗೆ 45 ದಿನದೊಳಗೆ ಪಾವತಿಸಬೇಕು ಅನ್ನುತ್ತದೆ 2006ರ ಎಂಎಸ್‌ಎಂಇಡಿ ಕಾಯ್ದೆ. ಈ ಕಂಪೆನಿಯ ಕರಾರಿನಲ್ಲಿ ದಿನ ಎಣಿಸಲು ಶುರು ಮಾಡುವುದೇ ಬಳಕೆಯ ತಾರೀಕಿನಿಂದ. ಆ ತಾರೀಕಿನ ಫೀಲ್ಡನ್ನು ಬರೆದವನು ನಾನು. ಯಾವತ್ತು ಎಂಟ್ರಿ ಹಾಕಿದರೋ ಅದೇ ತಾರೀಕು ತಾನಾಗಿ ಕೂರುವಂತೆ ಮಾಡಿದ್ದೆ. ಸ್ಪೆಕ್‌ನಲ್ಲಿ ಹಾಗಿತ್ತು, ನಾನು ಪ್ರಶ್ನೆ ಕೇಳಲಿಲ್ಲ. ತರಬೇತಿಯ ದಿನ ಸಣ್ಣ ವರ್ಕ್‌ಶಾಪಿನ ಮಾಲೀಕರೊಬ್ಬರು ನನ್ನ ಪಕ್ಕ ಕೂತು ಮೆಲ್ಲಗೆ ಕೇಳಿದರು: "ಸಾರ್, ಬಾಕ್ಸ್ ಒಡೆದ ದಿನವನ್ನೇ ಹಾಕ್ಲಿಕ್ಕೆ ಆಗೂದಿಲ್ವಾ?" ಚೇಂಜ್ ರಿಕ್ವೆಸ್ಟ್ ಕೊಡಬೇಕು ಅಂದೆ. ಅದನ್ನು ಕೊಡುವ ಅಧಿಕಾರ ಅವರಿಗಿಲ್ಲ ಅಂತ ನನಗೆ ಗೊತ್ತಿತ್ತು.

ಎಲ್ಲ ಸಾಮಾನಿಗೂ ಈ ಪದ್ಧತಿ ಒಗ್ಗುವುದೂ ಇಲ್ಲ. 2002ರಲ್ಲಿ ಶುರುವಾದ ಮೆಸ್ಕಾಂ ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ, ಚಿಕ್ಕಮಗಳೂರಿಗೆ ಕರೆಂಟು ಕೊಡುವ ರಾಜ್ಯ ಸರ್ಕಾರದ ಕಂಪೆನಿ. ನಮ್ಮ ಕಡೆ ಜೂನ್ ಬಂತೆಂದರೆ ಹಲಸಿನ ಮರ ಲೈನಿನ ಮೇಲೆ ಬೀಳ್ತದೆ. ಕಂಬ ಎಷ್ಟು ಬೇಕು ಅನ್ನುವುದು ಗಾಳಿಯ ಲೆಕ್ಕ, ಹೋದ ತಿಂಗಳ ಬಳಕೆಯ ಲೆಕ್ಕ ಅಲ್ಲ. ಅಲ್ಲಿ ಮಳೆಗೆ ಮೊದಲೇ ಕಂಬ ತಂದು ರಾಶಿ ಹಾಕುವುದೇ ಜಾಣತನ. ಆದರೆ ರಾಶಿ ಉಳಿದರೆ ಆಡಿಟ್ ಕೇಳ್ತದೆ, ಕತ್ತಲಲ್ಲಿ ಕೂತ ಮನೆಗಳನ್ನು ಬ್ಯಾಲೆನ್ಸ್ ಶೀಟ್ ಕೇಳುವುದಿಲ್ಲ. ಮೇಲಿಂದ 1999ರ ಪಾರದರ್ಶಕತೆ ಕಾಯ್ದೆಯ ಪ್ರಕಾರ ಟೆಂಡರ್. ಟೆಂಡರ್ ಬೇಕೇ ಬೇಕು, ಇಲ್ಲದಿದ್ದರೆ ಭಾವ-ಮೈದುನರೇ ಸರಬರಾಜು ಮಾಡಿಯಾರು. ಆದರೆ ಟೆಂಡರಿನಲ್ಲಿ ಗೆದ್ದವನಿಗೆ ಮುಂದಿನ ಸಲವೂ ತಾನೇ ಇರ್ತೇನೆ ಅನ್ನುವ ಖಾತ್ರಿ ಇಲ್ಲ. ಜಾತ್ರೆ ಯಾವಾಗ ಅಂತ ತಿಳಿದುಕೊಳ್ಳುವ ಉಸಾಬರಿ ಅವನಿಗ್ಯಾಕೆ?

ಮೊನ್ನೆ ಊರಿಗೆ ಹೋದಾಗ ಬ್ರೆಡ್ಡಿನವರಿಗೆ ಅಂಗಡಿಯವರು ಚಿಲ್ಲರೆ ಇಲ್ಲ, ನಾಳೆ ಕೊಡ್ತೇನೆ ಅಂದರು. ಅವರು ಪೆಟ್ಟಿಗೆ ಅರ್ಧ ಮಾತ್ರ ತುಂಬಿಸಿ ಹೋದರು. ನನ್ನ ವರ್ಕ್‌ಶಾಪಿನವರಿಗೆ ಆ ಸ್ವಾತಂತ್ರ್ಯವೂ ಇರಲಿಲ್ಲ. ಸ್ಟಾಕ್ ಕನಿಷ್ಠ ಮಟ್ಟಕ್ಕಿಂತ ಇಳಿದರೆ ಅವರಿಗೆ ದಂಡ. ಅದನ್ನು ಲೆಕ್ಕ ಹಾಕುವ ಕೋಡೂ ನನ್ನದೇ.