ಚುಂದನ ಊಟ, ಯೂದನ ತುತ್ತು: ಬೌದ್ಧ–ಕ್ರೈಸ್ತ ತುಲನೆಯ ಮದರಾಸು ನೆಲೆ ಮತ್ತು ಗೋವಿಂದ ಪೈ

ಮಂಜೇಶ್ವರದ ಗೋವಿಂದ ಪೈಗಳು (1883–1963) ಯೇಸುವಿನ ಮರಣವನ್ನು ಕುರಿತು ‘ಗೊಲ್ಗೊಥಾ’ ಎಂಬ ಖಂಡಕಾವ್ಯವನ್ನೂ, ಅನಂತರ ಬುದ್ಧನ ಪರಿನಿರ್ವಾಣವನ್ನು ಕುರಿತು ‘ವೈಶಾಖಿ’ ಎಂಬ ಖಂಡಕಾವ್ಯವನ್ನೂ ರಚಿಸಿದರು. ಒಂದಕ್ಕೆ ‘ಯೇಸುವಿನ ಕಡೆಯ ದಿನ’ ಎಂದೂ ಮತ್ತೊಂದಕ್ಕೆ ‘ಬುದ್ಧನ ಕಡೆಯ ದಿನ’ ಎಂದೂ ಉಪಶೀರ್ಷಿಕೆ. ಈ ಎರಡು ಕೃತಿಗಳನ್ನು ಒಟ್ಟಿಗೆ ಹೆಸರಿಸಿದಾಗಲೆಲ್ಲ ನಮ್ಮ ವಿಮರ್ಶೆಗೆ ಸಿದ್ಧವಾಗಿ ಒದಗಿಬರುವ ಪದ ‘ಸಮನ್ವಯ’. ಕವಿಯ ಹೃದಯವೈಶಾಲ್ಯ, ಸರ್ವಧರ್ಮ ಸಮಭಾವ ಮುಂತಾದ ಮಾತುಗಳು ಅದರ ಬೆನ್ನಿಗೇ ಬರುತ್ತವೆ. ಇವು ಸುಳ್ಳಲ್ಲ. ಆದರೆ ಗೌರವದ ಮಾತು ಓದಿನ ಸ್ಥಾನವನ್ನು ಆಕ್ರಮಿಸಿದಾಗ ಎರಡು ಸಾವುಗಳ ನಡುವಣ ಅಂತರ ಕಣ್ಮರೆಯಾಗುತ್ತದೆ. ಬುದ್ಧನ ಉಪದೇಶವನ್ನು ಕ್ರೈಸ್ತ ವಿಶ್ವಾಸದ ನೆಲೆಯಲ್ಲಿ ನಿಂತು ನೋಡುವ ಓದುಗನಿಗಂತೂ ಆ ಅಂತರವೇ ಮುಖ್ಯ. ಪ್ರಸ್ತುತ ಲೇಖನ ಅಂತಹ ಒಂದು ನೆಲೆಯಿಂದ ಬರೆದದ್ದು. ಹಾಗೆಂದು ಅದು ಕ್ರೈಸ್ತ ಪಕ್ಷದ ವಕಾಲತ್ತಲ್ಲ.

ಈ ಅಂತರವನ್ನು ಗುರುತಿಸಲು ಕನ್ನಡದ ಹೊರಗೆ, ಮದರಾಸಿಗೆ (ಇಂದಿನ ಚೆನ್ನೈಗೆ) ಹೋಗಬೇಕಾಗುತ್ತದೆ. ಹಾಗೆ ಹೋಗುವುದು ಅಸಹಜವೇನೂ ಅಲ್ಲ. ಪೈಗಳ ದಕ್ಷಿಣ ಕನ್ನಡ ಅಂದು ಮದರಾಸು ಪ್ರಾಂತದ ಜಿಲ್ಲೆ. ಅವರು ಬಿ.ಎ. ವ್ಯಾಸಂಗಕ್ಕೆ ಹೋದದ್ದು ಆ ನಗರಕ್ಕೆ. 1949ರಲ್ಲಿ ಅವರಿಗೆ ರಾಷ್ಟ್ರಕವಿ ಪದವಿಯನ್ನು ಕೊಟ್ಟದ್ದೂ ಮದರಾಸು ಸರ್ಕಾರವೇ. ಅವರ ಯೌವನದ ದಿನಗಳಲ್ಲಿ ಬುದ್ಧ ಮತ್ತು ಕ್ರಿಸ್ತರನ್ನು ಕುರಿತ ತುಲನೆ ಅಲ್ಲಿ ಬಹು ಗಂಭೀರವಾಗಿ ನಡೆಯುತ್ತಿತ್ತು. ಅದು ಇಂಗ್ಲಿಷ್ ಮತ್ತು ತಮಿಳಿನಲ್ಲಿ ನಡೆದುದರಿಂದ ನಮ್ಮ ಸಂಶೋಧಕರ ಗಮನಕ್ಕೆ ಅಷ್ಟಾಗಿ ಬಿದ್ದಿಲ್ಲ. ಪೈಗಳು ಆ ಚರ್ಚೆಯಿಂದ ಪ್ರಭಾವಿತರಾದರೆಂದು ಸಾಧಿಸುವುದು ಇಲ್ಲಿನ ಉದ್ದೇಶವಲ್ಲ. ಆ ಚರ್ಚೆಯನ್ನು ಬಲ್ಲವನು ಅವರ ಕಾವ್ಯಗಳನ್ನು ಬೇರೆಯಾಗಿ ಓದುತ್ತಾನೆ ಎಂಬಷ್ಟೇ ನನ್ನ ವಾದ.

ದಕ್ಷಿಣದ ಮಟ್ಟಿಗೆ ಕ್ರೈಸ್ತರು ಬೌದ್ಧಧರ್ಮವನ್ನು ತೂಗಿ ನೋಡಿದ ಮೊದಲ ತಕ್ಕಡಿ ಸಿಂಹಳದ್ದು. ವೆಸ್ಲಿಯನ್ ಮಿಶನರಿ ಗಾಗರ್ಲಿ ಪಾಲಿಯನ್ನು ಶ್ರದ್ಧೆಯಿಂದ ಕಲಿತು, ಬೌದ್ಧ ತತ್ತ್ವಗಳನ್ನು ಖಂಡಿಸುವ ಗ್ರಂಥವನ್ನು ಸಿಂಹಳ ಭಾಷೆಯಲ್ಲಿಯೇ ಬರೆದ. ಸ್ಪೆನ್ಸ್ ಹಾರ್ಡಿಯ ಗ್ರಂಥಗಳು 1850ರ ದಶಕದ ಹೊತ್ತಿಗೆ ಇಂಗ್ಲಿಷ್ ಓದುಗರಿಗೆ ದೊರೆತವು. ಇವರ ಪಾಂಡಿತ್ಯ ಸಾಮಾನ್ಯವಾದುದಲ್ಲ. ಆದರೆ ಅವರ ವಿಧಾನ ಒಂದೇ: ಕ್ರೈಸ್ತ ವಿಶ್ವಾಸಪ್ರಮಾಣದ ಒಂದೊಂದು ಅಂಶವನ್ನೂ ಹಿಡಿದು ಅದು ಬೌದ್ಧರಲ್ಲಿ ಉಂಟೋ ಇಲ್ಲವೋ ಎಂದು ಕೇಳುವುದು. ಸೃಷ್ಟಿಕರ್ತ ಇಲ್ಲ, ಆತ್ಮ ಇಲ್ಲ, ಕೃಪೆ ಇಲ್ಲ. ಆದ್ದರಿಂದ ಬೌದ್ಧಧರ್ಮ ಇಲ್ಲಗಳ ಮೊತ್ತ. 1873ರಲ್ಲಿ ಪಾಣದುರೆಯ ಬಹಿರಂಗ ವಾದದಲ್ಲಿ ಗುಣಾನಂದ ಸ್ಥವಿರರು ಇದೇ ತಕ್ಕಡಿಯನ್ನು ತಿರುಗಿಸಿ ಹಿಡಿದರು. ಎದುರಾಳಿಯ ಶಾಸ್ತ್ರದಲ್ಲಿ ತನಗೆ ಬೇಕಾದುದು ಇಲ್ಲವೆಂದು ತೋರಿಸುವುದು ಎರಡೂ ಪಕ್ಷಗಳಿಗೆ ಸುಲಭವಾಯಿತು.

ಮದರಾಸಿನಲ್ಲಿ ಈ ವಾದಕ್ಕೆ ದೊರೆತ ತಿರುವು ಬೇರೆ. ಮದರಾಸು ಕ್ರಿಶ್ಚಿಯನ್ ಕಾಲೇಜಿನಲ್ಲಿ ವಿಜ್ಞಾನದ ಅಧ್ಯಾಪಕರಾಗಿದ್ದ ಪಿ. ಲಕ್ಷ್ಮೀನರಸು 1907ರಲ್ಲಿ ‘ದಿ ಎಸೆನ್ಸ್ ಆಫ್ ಬುದ್ಧಿಸಂ’ ಎಂಬ ಗ್ರಂಥವನ್ನು ಪ್ರಕಟಿಸಿದರು. ಅದೇ ಕಾಲೇಜಿಗೆ 1903ರಲ್ಲಿ ತತ್ತ್ವಶಾಸ್ತ್ರದ ಅಧ್ಯಾಪಕರಾಗಿ ಬಂದ ಎ.ಜಿ. ಹಾಗ್ ಕಾಲೇಜಿನ ಪತ್ರಿಕೆಯಲ್ಲಿ ಬರೆದ ಲೇಖನಮಾಲೆ 1909ರಲ್ಲಿ ‘ಕರ್ಮ ಅಂಡ್ ರಿಡೆಂಪ್ಶನ್’ ಎಂಬ ಪುಸ್ತಕವಾಯಿತು. ಒಂದೇ ವಿದ್ಯಾಸಂಸ್ಥೆಗೆ ಸೇರಿದ ಇಬ್ಬರು, ಒಂದೇ ದಶಕದಲ್ಲಿ, ಮನುಷ್ಯನ ಕೃತ್ಯಕ್ಕೆ ಫಲವೇನು, ಆ ಫಲದಿಂದ ಬಿಡುಗಡೆ ಹೇಗೆ ಎಂಬ ಒಂದೇ ಪ್ರಶ್ನೆಯನ್ನು ಎದುರುಬದುರು ದಿಕ್ಕುಗಳಿಂದ ಎತ್ತಿಕೊಂಡಿದ್ದಾರೆ. ಈ ಎರಡು ಪುಸ್ತಕಗಳನ್ನು ಒಂದೇ ಮೇಜಿನ ಮೇಲಿಟ್ಟು ಓದುವ ಪದ್ಧತಿ ಬೆಳೆಯದಿರುವುದು ವಿಷಾದದ ಸಂಗತಿ. ಹಾಗ್ ಅವರನ್ನು ರಾಧಾಕೃಷ್ಣನ್ನರ ಗುರುವೆಂದೂ, ಲಕ್ಷ್ಮೀನರಸು ಅವರನ್ನು ಅಂಬೇಡ್ಕರ್ 1948ರಲ್ಲಿ ಮುನ್ನುಡಿ ಬರೆದು ಮರುಮುದ್ರಿಸಿದ ಗ್ರಂಥದ ಕರ್ತೃವೆಂದೂ ನೆನೆದು ಬಿಡುತ್ತೇವೆ.

ಹಾಗ್ ಅವರ ವಾದ ಹಳೆಯ ಮಿಶನರಿ ಖಂಡನೆಗಳಿಗಿಂತ ಬಹಳ ಸೂಕ್ಷ್ಮವಾದುದು. ಕರ್ಮಸಿದ್ಧಾಂತವನ್ನು ಅವರು ಮೂಢನಂಬಿಕೆಯೆಂದು ತಳ್ಳಿಹಾಕುವುದಿಲ್ಲ. ಅದರ ಹಿಂದೆ ನ್ಯಾಯದ ತೀವ್ರ ಹಂಬಲವಿದೆಯೆಂದು ಒಪ್ಪುತ್ತಾರೆ. ಕ್ರಿಸ್ತನ ಬಲಿಯನ್ನು ದಂಡದ ವಸೂಲಿಯಂತೆ ವರ್ಣಿಸುವ ಕ್ರೈಸ್ತ ಬೋಧನೆ ಭಾರತೀಯನಿಗೆ ಅನ್ಯಾಯವೆಂದು ತೋರಿದರೆ ತಪ್ಪು ಭಾರತೀಯನದಲ್ಲ ಎಂಬುದನ್ನೂ ಅವರು ಕಾಣಬಲ್ಲರು. ಅವರ ಆಕ್ಷೇಪ ಇನ್ನೂ ಆಳದ್ದು. ಕರ್ಮದ ಲೋಕ ನ್ಯಾಯಾಲಯದಂತಹುದು: ಪ್ರತಿಯೊಬ್ಬನಿಗೂ ಅವನವನ ಲೆಕ್ಕ, ಅವನವನ ತೀರ್ಪು. ನಾವು ಕಾಣುವ ಲೋಕವಾದರೋ ಹಾಗಿಲ್ಲ. ಇಲ್ಲಿ ಒಬ್ಬನ ಕೇಡು ಇನ್ನೊಬ್ಬನ ಮೇಲೆ ಬೀಳುತ್ತದೆ, ಒಬ್ಬನ ಒಳಿತನ್ನು ಮತ್ತೊಬ್ಬ ಉಣ್ಣುತ್ತಾನೆ. ಜೀವಗಳು ಹೀಗೆ ಒಂದಕ್ಕೊಂದು ಹೆಣೆದುಕೊಂಡಿರುವುದು ಲೋಕದ ದೋಷವಲ್ಲ, ಅದೇ ಅದರ ನೈತಿಕ ರಚನೆ; ನಿರ್ದೋಷಿಯೊಬ್ಬ ಇತರರಿಗಾಗಿ ನೋಯುವುದು ಅರ್ಥವಂತವಾಗುವುದು ಅಂತಹ ಲೋಕದಲ್ಲಿ ಮಾತ್ರ. ಮುಂದೆ 1938ರ ಡಿಸೆಂಬರಿನಲ್ಲಿ, ಕಾಲೇಜಿನ ಹೊಸ ನೆಲೆಯಾದ ತಾಂಬರಂನಲ್ಲಿ ಅಂತಾರಾಷ್ಟ್ರೀಯ ಮಿಶನರಿ ಸಮ್ಮೇಳನ ಸೇರಿದಾಗ, ಕ್ರೈಸ್ತೇತರ ಧರ್ಮಗಳೆಲ್ಲ ಮನುಷ್ಯಪ್ರಯತ್ನ ಮಾತ್ರ ಎಂಬ ಹೆಂಡ್ರಿಕ್ ಕ್ರೇಮರ್ ಅವರ ನಿಲುವಿಗೆ ಹಾಗ್ ತಲೆದೂಗಲಿಲ್ಲ. ದೇವರು ಅಲ್ಲಿಯೂ ಮಾತಾಡಿದ್ದಾನೆ, ವಿಶ್ವಾಸ ಅಲ್ಲಿಯೂ ಉಂಟು ಎಂಬುದು ಅವರ ನಿಲುವು.

ಇಷ್ಟು ಸೂಕ್ಷ್ಮಮತಿಯಾದ ಹಾಗ್ ಅವರ ತೂಕದ ಕಲ್ಲು ಬುದ್ಧನ ಮುಂದೆ ಸರಿಬೀಳುವುದಿಲ್ಲ. ಅವರು ಖಂಡಿಸುವ ಕರ್ಮ ವೈದಿಕ ಪರಂಪರೆಯದು. ಬುದ್ಧ ಆ ಪದವನ್ನು ತೆಗೆದುಕೊಂಡು ಅದರ ಒಳಗನ್ನೇ ಬದಲಿಸಿದ. ಅವನ ಪ್ರಕಾರ ಕರ್ಮವೆಂದರೆ ಚೇತನಾ, ಅಂದರೆ ಕೃತ್ಯದ ಹಿಂದಿನ ಸಂಕಲ್ಪ. ಅಲ್ಲಿ ತೀರ್ಪು ಕೊಡುವ ನ್ಯಾಯಾಧೀಶನಿಲ್ಲ. ಬೀಜಕ್ಕೆ ಫಲವಿರುವಂತೆ ಸಂಕಲ್ಪಕ್ಕೆ ವಿಪಾಕವಿದೆ. ಲಕ್ಷ್ಮೀನರಸು ಇನ್ನೊಂದು ಹೆಜ್ಜೆ ಮುಂದೆ ಹೋದರು. ದೇಹದಿಂದ ದೇಹಕ್ಕೆ ಸಾಗುವ ಆತ್ಮವನ್ನು ನಿರಾಕರಿಸಿ, ಕರ್ಮವು ವ್ಯಕ್ತಿಯೊಂದಿಗೆ ಅಳಿಯದೆ ಮಾನವಕುಲದಲ್ಲಿ ಉಳಿಯುತ್ತದೆಂಬ ಧಾಟಿಯಲ್ಲಿ ಅದನ್ನು ವಿವರಿಸಿದರು. ಈ ವಿವರಣೆ ಪಾಲಿ ಪಿಟಕಗಳಿಗಿಂತ ಹೆಚ್ಚಾಗಿ ಹತ್ತೊಂಬತ್ತನೆಯ ಶತಮಾನದ ವಿಜ್ಞಾನಕ್ಕೆ ಋಣಿ ಎಂದು ಯಾರಾದರೂ ಆಕ್ಷೇಪಿಸಿದರೆ ನಾನು ಅಡ್ಡಬರಲಾರೆ. ಆದರೆ ಹಾಗ್ ಯಾವುದು ಕರ್ಮಸಿದ್ಧಾಂತದಲ್ಲಿ ಇಲ್ಲವೆಂದರೋ ಆ ಪರಸ್ಪರ ಹೆಣಿಗೆಯನ್ನು ಅದೇ ಸಂಸ್ಥೆಯ ಇನ್ನೊಬ್ಬ ಅಧ್ಯಾಪಕರು ಎರಡೇ ವರ್ಷ ಮುಂಚೆ ಬೌದ್ಧರ ಹೆಸರಿನಲ್ಲಿ ಪ್ರತಿಪಾದಿಸಿದ್ದರು. ಲಕ್ಷ್ಮೀನರಸು ಅವರೂ ಇದೇ ಲೋಪಕ್ಕೆ ಹೊರತಲ್ಲ. ಅವರು ಎದುರಿಸುವ ಕ್ರೈಸ್ತಮತ ಪವಾಡಗಳ, ಕರಪತ್ರಗಳ ಕ್ರೈಸ್ತಮತ, ಹಾಗ್ ಅವರದಲ್ಲ.

ಹಾಗಿದ್ದರೆ ನಿಜವಾದ ಅಂತರ ಎಲ್ಲಿದೆ? ನನ್ನ ದೃಷ್ಟಿಯಲ್ಲಿ ಅದು ತತ್ತ್ವವಾಕ್ಯಗಳಲ್ಲಿ ಕಾಣುವುದಕ್ಕಿಂತ ಸ್ಪಷ್ಟವಾಗಿ ಎರಡು ಕಡೆಯ ದಿನಗಳಲ್ಲಿ ಕಾಣುತ್ತದೆ. ಪೈಗಳ ವಸ್ತುವಿನ ಆಯ್ಕೆ ಮಹತ್ತ್ವದ್ದಾಗುವುದು ಇಲ್ಲಿಯೇ.

ವೈಶಾಖಿಯ ವಸ್ತುವಿಗೆ ಮೂಲವಾದ ಮಹಾಪರಿನಿಬ್ಬಾಣ ಸುತ್ತದಲ್ಲಿ ಕಮ್ಮಾರ ಚುಂದ ಬಡಿಸಿದ ಊಟದ ಬಳಿಕ ಬುದ್ಧನ ರೋಗ ಉಲ್ಬಣಿಸುತ್ತದೆ. ಸಾವಿನ ದಾರಿಯಲ್ಲಿದ್ದ ಬುದ್ಧ ಆನಂದನನ್ನು ಕರೆದು, ಚುಂದನಿಗೆ ಪಶ್ಚಾತ್ತಾಪವಾಗದಂತೆ ನೋಡಿಕೊಳ್ಳಬೇಕೆಂದು ಹೇಳುತ್ತಾನೆ. ಸಂಬೋಧಿಗೆ ಮುಂಚೆ ಉಂಡ ಊಟ, ಪರಿನಿರ್ವಾಣಕ್ಕೆ ಮುಂಚೆ ಉಂಡ ಊಟ, ಇವೆರಡೂ ಸಮಾನಫಲದ ದಾನಗಳೆಂದು ಅವನಿಗೆ ತಿಳಿಸಬೇಕು. ಗೊಲ್ಗೊಥಾದ ಹಿಂದಿನ ರಾತ್ರಿಯಲ್ಲಿಯೂ ಒಂದು ಊಟವಿದೆ. ಯೋಹಾನನ ಸುವಾರ್ತೆಯ ಪ್ರಕಾರ ಅಲ್ಲಿ ತುತ್ತನ್ನು ಅದ್ದಿ ಕೊಡುವವನು ಯೇಸು. ಅದನ್ನು ಪಡೆದು ಕತ್ತಲೆಗೆ ಹೊರಟುಹೋಗುವವನು ಯೂದ.

ಚುಂದನಿಗೆ ದೊರೆತುದು ಕ್ಷಮೆಯಲ್ಲ. ಕ್ಷಮಿಸಲು ಅಲ್ಲಿ ಅಪರಾಧವೇ ಇಲ್ಲ. ಅವನ ಸಂಕಲ್ಪ ಶುದ್ಧವಾಗಿತ್ತು, ಆದ್ದರಿಂದ ಕೃತ್ಯದ ಪರಿಣಾಮ ಏನೇ ಆಗಿರಲಿ ಅವನು ನಿರ್ದೋಷಿ. ಶಿಲುಬೆಯ ಬಳಿ ನಡೆಯುವುದು ಇದಕ್ಕೆ ವಿರುದ್ಧ. ಲೂಕನ ಪ್ರಕಾರ ಯೇಸು ತನ್ನನ್ನು ಕೊಲ್ಲುವವರ ಪರವಾಗಿ ಬೇಡುತ್ತಾನೆ. ಅವರಿಗೆ ತಾವು ಮಾಡುವುದೇನೆಂಬ ಅರಿವಿಲ್ಲ ಎನ್ನುತ್ತಾನೆ. ಅರಿವಿಲ್ಲದಿದ್ದರೆ ಬೌದ್ಧ ವಿವೇಚನೆಯಲ್ಲಿ ದೋಷ ಅಷ್ಟರಮಟ್ಟಿಗೆ ತಗ್ಗುತ್ತದೆ. ಯೇಸುವಾದರೋ ಅರಿವಿಲ್ಲವೆಂಬುದನ್ನೇ ಕಾರಣವಾಗಿ ಕೊಟ್ಟು ಕ್ಷಮೆಯನ್ನು ಬೇಡುತ್ತಾನೆ. ಎಂದರೆ ಅರಿಯದೆ ಮಾಡಿದ ಕೇಡಿಗೂ ತೂಕವಿದೆ, ಅದನ್ನು ಯಾರಾದರೂ ಹೊರಬೇಕಾಗಿದೆ. ಸಂಕಲ್ಪ ಶುದ್ಧಿಯಾದರೆ ಸಾಕೇ, ಅಥವಾ ಸಂಕಲ್ಪವನ್ನು ಮೀರಿ ಉಳಿಯುವ ಕೇಡು ಒಂದುಂಟೇ? ದೇವರು ಇದ್ದಾನೋ ಇಲ್ಲವೋ ಎಂಬ ಪ್ರಶ್ನೆಗಿಂತ ಈ ಪ್ರಶ್ನೆಯಲ್ಲಿ ಎರಡು ಮಾರ್ಗಗಳು ಹೆಚ್ಚು ನಿಚ್ಚಳವಾಗಿ ಅಗಲುತ್ತವೆ. ಆದರೆ ಇಲ್ಲಿ ಕ್ರೈಸ್ತನಿಗೆ ನಿರಾಳವೂ ಇಲ್ಲ. ಬುದ್ಧ ತನಗೆ ಮಾರಕವಾದ ಊಟವನ್ನು ಬಡಿಸಿದವನ ಮನಸ್ಸಿನ ನೆಮ್ಮದಿಯನ್ನು ಚಿಂತಿಸಿದ. ಯೂದನ ಕಥೆಯನ್ನು ಅಷ್ಟೇ ನೆಮ್ಮದಿಯಿಂದ ಓದಿ ಮುಗಿಸಿದ ಕ್ರೈಸ್ತನನ್ನು ನಾನು ಕಂಡಿಲ್ಲ.

ಕನ್ನಡದಲ್ಲಿ ‘ಪಾಪ’ ಎಂಬ ಪದ ಪಾಲಿ ಗ್ರಂಥಗಳ ಅನುವಾದಕ್ಕೂ ಸತ್ಯವೇದದ ಅನುವಾದಕ್ಕೂ ಸಮಾನವಾಗಿ ಒದಗಿದೆ. ಆದರೆ ಮನೆಮಾತಿನಲ್ಲಿ ‘ಅಯ್ಯೋ ಪಾಪ’ ಎಂದಾಗ ಅದು ದೋಷಿಯನ್ನು ಕುರಿತ ಮಾತಲ್ಲ, ನೊಂದವನನ್ನು ಕುರಿತ ಮರುಕ. ಅನುವಾದಕರು ಈ ಮನೆಮಾತಿನ ಅರ್ಥವನ್ನು ಗಮನಿಸಿದರೋ ಇಲ್ಲವೋ, ಈ ವಿಷಯದಲ್ಲಿ ಇಂಗ್ಲಿಷಿಗಿಂತ ಕನ್ನಡ ಹೆಚ್ಚು ತಿಳಿದಿದೆ ಎಂದು ನನಗನ್ನಿಸುತ್ತದೆ.

ಈ ಚರ್ಚೆ ಪಂಡಿತರ ವಿನೋದವಾಗಿ ಉಳಿಯಲಿಲ್ಲವೆಂಬುದಕ್ಕೂ ಮದರಾಸೇ ಸಾಕ್ಷಿ. ಸಿದ್ಧವೈದ್ಯ ಪಂಡಿತ ಅಯೋತ್ತಿದಾಸರು (1845–1914) ಕರ್ನಲ್ ಆಲ್ಕಾಟರ ನೆರವಿನಿಂದ 1898ರಲ್ಲಿ ಸಿಂಹಳಕ್ಕೆ ಹೋಗಿಬಂದು ಶಾಕ್ಯ ಬೌದ್ಧ ಸಂಘವನ್ನು ಸ್ಥಾಪಿಸಿದರು. 1907ರಲ್ಲಿ, ಲಕ್ಷ್ಮೀನರಸು ಅವರ ಗ್ರಂಥ ಹೊರಬಂದ ವರ್ಷವೇ, ತಮ್ಮ ತಮಿಳು ವಾರಪತ್ರಿಕೆಯನ್ನು ಆರಂಭಿಸಿದರು. ಸಂಘದ ಶಾಖೆಗಳು ಕೋಲಾರದ ಚಿನ್ನದ ಗಣಿ ಪ್ರದೇಶಕ್ಕೂ ಹಬ್ಬಿದವು. ಪಂಡಿತರ ಕಾಲಾನಂತರ ಪತ್ರಿಕೆಗೆ ಮರುಜೀವ ದೊರೆತದ್ದು ಆ ಗಣಿ ಊರಿನಲ್ಲಿ. ಕರ್ನಾಟಕದ ಆಧುನಿಕ ಬೌದ್ಧ ಚರಿತ್ರೆಯ ಒಂದು ಅಧ್ಯಾಯ ಹೀಗೆ ತಮಿಳಿನಲ್ಲಿದೆ. ಅಸ್ಪೃಶ್ಯನೆಂದು ಕರೆಸಿಕೊಂಡವನಿಗೆ ಕರ್ಮವೆಂದರೆ ತನ್ನ ಹುಟ್ಟಿನ ಮೇಲೆ ಮುಂಚಿತವಾಗಿಯೇ ಬರೆದಿಟ್ಟ ತೀರ್ಪು. ಅದು ನ್ಯಾಯಾಲಯದ ಸಿದ್ಧಾಂತ ಎಂದು ಹಾಗ್ ಹೇಳುವ ಮೊದಲೇ ಅವನಿಗೆ ಅದು ಗೊತ್ತಿತ್ತು. ಆ ತೀರ್ಪನ್ನು ಕಿತ್ತೊಗೆಯಲು ಅವನ ಮುಂದೆ ಚರ್ಚೂ ಇತ್ತು, ವಿಹಾರವೂ ಇತ್ತು. ಹಲವರು ವಿಹಾರವನ್ನು ಏಕೆ ಆಯ್ದರೆಂಬ ಪ್ರಶ್ನೆಗೆ ಕ್ರೈಸ್ತ ಲೇಖಕ ಉತ್ತರ ಹುಡುಕಬೇಕಾದದ್ದು ದೇವತಾಶಾಸ್ತ್ರದಲ್ಲಿ ಅಲ್ಲ. ಚರ್ಚಿನೊಳಗೆ ಜಾತಿಭೇದ ಕೂಡದೆಂದು ಬಿಷಪ್ ಡೇನಿಯಲ್ ವಿಲ್ಸನ್ 1833ರಲ್ಲಿ ಕಟ್ಟಾಜ್ಞೆ ಹೊರಡಿಸಬೇಕಾಯಿತು. ಹೊರಡಿಸಿದ ಮೇಲೆಯೂ ಅದು ಹೋಗಲಿಲ್ಲ. ಒಬ್ಬರ ಭಾರವನ್ನೊಬ್ಬರು ಹೊರುವ ಸಮುದಾಯವೆಂದು ಹೇಳಿಕೊಂಡವರು ಒಂದೇ ಪಾತ್ರೆಯಿಂದ ಪ್ರಭುಭೋಜನ ಸ್ವೀಕರಿಸಲು ಹಿಂಜರಿದಾಗ, ತನ್ನ ಬಿಡುಗಡೆಗೆ ತಾನೇ ದ್ವೀಪವಾಗಬೇಕೆಂಬ ಬುದ್ಧವಚನ ಹೆಚ್ಚು ನಂಬಲರ್ಹವಾಗಿ ಕೇಳಿಸಿದ್ದರೆ ಆಶ್ಚರ್ಯವೇನು?

ಈಗ ಪೈಗಳ ಉಪಶೀರ್ಷಿಕೆಗಳಿಗೆ ಮರಳಬಹುದು. ಎರಡು ಕಾವ್ಯಗಳಿಗೂ ‘ಕಡೆಯ ದಿನ’ವೆಂಬ ಒಂದೇ ಅಳತೆ. ಮೊದಲು ಬಂದದ್ದು ಗೊಲ್ಗೊಥಾ. ಆದರೂ ಆ ಮಾತು ಪೂರ್ಣವಾಗಿ ಒಪ್ಪುವುದು ವೈಶಾಖಿಗೆ. ಪರಿನಿರ್ವಾಣವೆಂದರೆ ಮರಳದಿರುವುದು, ಅಲ್ಲಿ ಕಡೆಯ ದಿನ ನಿಜವಾಗಿಯೂ ಕಡೆಯದು, ಅದೇ ಅದರ ಸಾರ್ಥಕ್ಯ. ಕ್ರೈಸ್ತ ವಿಶ್ವಾಸಕ್ಕೆ ಶುಕ್ರವಾರ ಕಡೆಯ ದಿನವಲ್ಲ. ಅದನ್ನು ಕಡೆಯ ದಿನವೆಂದು ಒಪ್ಪಿದ ಕ್ಷಣವೇ ಆ ವಿಶ್ವಾಸ ಮುಗಿಯುತ್ತದೆ. ಒಂದೇ ಹೆಸರಿನಡಿ ಇಟ್ಟಾಗ ಎರಡು ಸಾವುಗಳೂ ಮಹಾತ್ಮರ ಸಾವುಗಳಾಗುತ್ತವೆ, ಸಮನ್ವಯ ಸುಲಭವಾಗುತ್ತದೆ. ಇದನ್ನು ಕವಿಯ ದೋಷವೆಂದು ನಾನು ಎಣಿಸುವುದಿಲ್ಲ. ಮೂರನೆಯ ದಿನವನ್ನು ನಂಬದ ಓದುಗನೂ ಶಿಲುಬೆಯ ಮುಂದೆ ನಿಲ್ಲುವಂತೆ ಮಾಡಲು ಬಹುಶಃ ಬೇರೆ ದಾರಿಯಿರಲಿಲ್ಲ. ಆದರೆ ಆ ಹೆಸರಿನ ಬೆಲೆಯೇನೆಂಬುದನ್ನು ವಿಮರ್ಶೆ ದಾಖಲಿಸಬೇಕು.

ಎರಡು ಕಡೆಯ ದಿನಗಳಲ್ಲಿಯೂ ಕಡೆಯ ಗಳಿಗೆಯಲ್ಲಿ ಬಂದು ಸೇರುವ ಒಬ್ಬೊಬ್ಬನಿದ್ದಾನೆ. ಕುಶಿನಾರದ ಸಾಲವೃಕ್ಷಗಳ ನಡುವೆ ಬುದ್ಧ ಮಲಗಿದ್ದಾಗ ಪರಿವ್ರಾಜಕ ಸುಭದ್ದ ಬಂದು ಪ್ರಶ್ನೆ ಕೇಳುತ್ತಾನೆ: ಬೇರೆ ಬೇರೆ ಆಚಾರ್ಯರೆಲ್ಲ ತಮಗೆ ಸತ್ಯ ಕಂಡಿದೆಯೆನ್ನುತ್ತಾರಲ್ಲ, ಅವರಲ್ಲಿ ಯಾರಿಗೆ ಕಂಡಿದೆ, ಯಾರಿಗೆ ಕಂಡಿಲ್ಲ? ಧರ್ಮಗಳ ತುಲನೆಯ ಪ್ರಶ್ನೆಯೇ ಅದು. ಬುದ್ಧ ಅದನ್ನು ಪಕ್ಕಕ್ಕಿಡಲು ಹೇಳಿ, ಅಷ್ಟಾಂಗಮಾರ್ಗ ಎಲ್ಲಿದೆಯೋ ಅಲ್ಲಿ ಶ್ರಮಣನಿದ್ದಾನೆಂದು ತಿಳಿಸಿ, ಅವನನ್ನು ಸಂಘಕ್ಕೆ ಸೇರಿಸಿಕೊಳ್ಳುತ್ತಾನೆ. ಗೊಲ್ಗೊಥಾದಲ್ಲಿ ಪಕ್ಕದ ಶಿಲುಬೆಯ ಕಳ್ಳ ಅಂತಹ ಪ್ರಶ್ನೆಯನ್ನೇ ಕೇಳುವುದಿಲ್ಲ. ತನ್ನ ಶಿಕ್ಷೆ ನ್ಯಾಯವೆಂದು ಒಪ್ಪಿಕೊಂಡು, ತನ್ನನ್ನು ನೆನೆಯಬೇಕೆಂದಷ್ಟೇ ಬೇಡುತ್ತಾನೆ. ಅವನಿಗೆ ಮಾತು ದೊರೆಯುತ್ತದೆ. ಆದರೆ ಅವನನ್ನು ಶಿಲುಬೆಯಿಂದ ಯಾರೂ ಇಳಿಸುವುದಿಲ್ಲ.