ಮುಳ್ಳೂರಿಗೆ ಮೆದು ಉಕ್ಕೇ ಸಾಕು

ಜೇಬಿನಲ್ಲಿಟ್ಟುಕೊಳ್ಳಲು ಮಡಚುವ ಚಾಕು ಕೊಳ್ಳಬೇಕೆಂದು ಹೊರಟವನಿಗೆ ಈಗ ಸಿಗುವ ಬುದ್ಧಿವಾದ ಹೆಚ್ಚುಕಡಿಮೆ ಒಂದೇ. ಉಕ್ಕು ಎಷ್ಟು ಗಟ್ಟಿಯೋ ಅಷ್ಟು ಒಳ್ಳೆಯದು, ಲಾಕು ಭದ್ರವಾಗಿರಬೇಕು, ಒಂದೇ ಕೈಯಲ್ಲಿ ಚಕ್ಕನೆ ಬಿಚ್ಚಿಕೊಳ್ಳಬೇಕು, ದುಡ್ಡು ಹೆಚ್ಚಾದರೂ ಚಿಂತೆಯಿಲ್ಲ, ಒಂದೇ ಒಂದು ಕೊಂಡರೆ ಜನ್ಮಕ್ಕಾಯಿತು. ಬೆಂಗಳೂರಿನಲ್ಲಿ ಕೂತು ಪಾರ್ಸೆಲ್ ಡಬ್ಬ ಕೊಯ್ಯುವವರಿಗೆ ಇದು ಸರಿಯಿರಬಹುದು. ಕೊಳ್ಳೇಗಾಲದ ಪಕ್ಕ, ಕಾವೇರಿ ದಂಡೆಯ ಮುಳ್ಳೂರಿನಲ್ಲಿ ಭತ್ತ, ಕಬ್ಬು, ಬಾಳೆಯ ನಡುವೆ ಓಡಾಡುವವರಿಗೆ ಇದರಲ್ಲಿ ಒಂದು ಮಾತೂ ಹೊಂದುವುದಿಲ್ಲ.

ಊರೊಳಗೆ ಇದಕ್ಕೆ ತದ್ವಿರುದ್ಧವಾದ ಅಭಿಪ್ರಾಯವೊಂದಿದೆ. "ಕುಡ್ಲು ಇಲ್ವೇನಪ್ಪ? ರೌಡಿಗಳ ಥರ ಜೇಬಲ್ಲಿ ಚಾಕು ಯಾಕೆ?" ಎನ್ನುತ್ತಾರೆ ಹಿರಿಯರು. ಮೊಳದುದ್ದದ ಮಚ್ಚು ಹೆಗಲಿಗಿಟ್ಟು ಬೀದಿಯಲ್ಲಿ ನಡೆದವನನ್ನು ಯಾರೂ ತಿರುಗಿ ನೋಡುವುದಿಲ್ಲ, ಮೂರಿಂಚಿನ ಚಾಕು ಜೇಬಿನಿಂದ ಹೊರಬಂದರೆ ಮಾತ್ರ ಹುಬ್ಬೇರುತ್ತದೆ. ಮಚ್ಚು ಎಲ್ಲರ ಕಣ್ಣಿಗೆ ಕಾಣುತ್ತದೆ, ಚಾಕು ಅಡಗಿರುತ್ತದೆ. ಅಡಗಿದ್ದ ಚಾಕನ್ನು 'ಟಪ್' ಎಂದು ಬಿಚ್ಚುವವನು ಖಳನಾಯಕನೇ ಎಂದು ರಾಮಪುರಿ ಹಿಡಿದ ಸಿನಿಮಾಗಳು ಎರಡು ತಲೆಮಾರಿಗೆ ಕಲಿಸಿವೆ. ಆದರೆ ಗೊಬ್ಬರದ ಚೀಲದ ಹೊಲಿಗೆ ಬಿಚ್ಚಲು, ಹನಿ ನೀರಾವರಿಯ ಪೈಪು ಕತ್ತರಿಸಲು, ಸೀಬೆಹಣ್ಣು ಹೋಳು ಮಾಡಲು ಕುಡ್ಲು ದೊಡ್ಡದಾಯಿತು. ಚಾಕಿಗೆ ಇಲ್ಲಿ ಕೆಲಸವಿದೆ. ಎಂಥ ಚಾಕು ಎನ್ನುವುದಷ್ಟೇ ಪ್ರಶ್ನೆ.

ಮೊದಲು ಉಕ್ಕು. ದುಬಾರಿ ಚಾಕುಗಳ ಜಾಹೀರಾತೆಲ್ಲ ನಿಂತಿರುವುದು 'ಎಷ್ಟು ದಿನ ಹರಿತ ಉಳಿಯುತ್ತದೆ' ಎಂಬ ಒಂದೇ ಅಳತೆಯ ಮೇಲೆ. ಈ ಅಳತೆ ಎಲ್ಲಿಂದ ಬರುತ್ತದೆಂದು ಕೇಳುವವರು ಕಡಿಮೆ. ಇಂಗ್ಲೆಂಡಿನ ಶೆಫೀಲ್ಡಿನ ಕಾಟ್ರಾ ಸಂಸ್ಥೆಯ ಯಂತ್ರದಲ್ಲಿ, ಶೇಕಡ 5ರಷ್ಟು ಸಿಲಿಕಾ ಬೆರೆಸಿದ ದಪ್ಪ ಕಾಗದದ ಮೇಲೆ ಅಲಗನ್ನು ಹಿಂದೆ ಮುಂದೆ ಎಳೆದು, ಎಷ್ಟು ಕಾಗದ ತುಂಡಾಯಿತೆಂದು ಅಳೆಯುತ್ತಾರೆ. ಅಂದರೆ ಅಲ್ಲಿ ಪರೀಕ್ಷೆಯಾಗುವುದು ಸವೆತ. ಹೊಲದಲ್ಲಿ ಚಾಕಿನ ಬಾಯಿ ಕೆಡುವುದು ಸವೆದು ಮಾತ್ರವಲ್ಲ. ಹಗ್ಗದ ಕೆಳಗಿದ್ದ ಕಲ್ಲಿಗೆ ತಾಕುತ್ತದೆ, ಚೀಲ ಕೊಯ್ಯುವಾಗ ತಂತಿಗೆ ಸಿಗುತ್ತದೆ. ಮೆದು ಉಕ್ಕಾದರೆ ಬಾಯಿ ಮಡಚಿಕೊಳ್ಳುತ್ತದೆ, ಸಾಣೆಕಲ್ಲಿಗೆ ನಾಲ್ಕು ಸಲ ಎಳೆದರೆ ಎದ್ದು ನಿಲ್ಲುತ್ತದೆ. ಗಡಸುತನದ ರಾಕ್‌ವೆಲ್ ಮಾಪಕದಲ್ಲಿ 60 ದಾಟಿದ ಗಟ್ಟಿ ಉಕ್ಕಾದರೆ ಚಕ್ಕೆ ಏಳುತ್ತದೆ. ಚಕ್ಕೆ ಎದ್ದ ಬಾಯನ್ನು ಸರಿಪಡಿಸಲು ಆ ಚಕ್ಕೆಯ ಆಳದವರೆಗೂ ಇಡೀ ಅಲಗನ್ನು ತೇಯಬೇಕು.

ತೇಯುವುದಾದರೂ ಯಾವುದರಿಂದ? 2001ರಲ್ಲಿ ಅಮೆರಿಕದಲ್ಲಿ ಬಂದ ಎಸ್30ವಿ ಎಂಬ ಹೆಸರುವಾಸಿ ಉಕ್ಕಿನಲ್ಲಿ ಶೇಕಡ 1.45ರಷ್ಟು ಇಂಗಾಲ, ಶೇಕಡ 4ರಷ್ಟು ವನೇಡಿಯಂ ಇದೆ. ಇವೆರಡೂ ಕೂಡಿ ಆಗುವ ವನೇಡಿಯಂ ಕಾರ್ಬೈಡ್ ಹರಳುಗಳು ಮಾಮೂಲಿ ಸಾಣೆಕಲ್ಲಿನ ಅಲ್ಯೂಮಿನಿಯಂ ಆಕ್ಸೈಡಿಗಿಂತಲೂ ಗಟ್ಟಿ. ಬಾವಿಕಟ್ಟೆಯ ಕಲ್ಲಿನ ಲೆಕ್ಕವಂತೂ ಬೇಡವೇ ಬೇಡ. ಕಲ್ಲು ಸುತ್ತಲಿನ ಕಬ್ಬಿಣವನ್ನು ತೇಯುತ್ತದೆ, ಹರಳನ್ನು ತೇಯಲು ತಿಣುಕುತ್ತದೆ. ಅದಕ್ಕೆ ವಜ್ರದ ಪುಡಿ ಹಚ್ಚಿದ ಪಟ್ಟಿ ಬೇಕು. ಚಾಕಿನ ಹಿಂದೆಯೇ ಇನ್ನೊಂದು ಖರ್ಚು ಬಂತು.

ಗಟ್ಟಿ ಉಕ್ಕಿನ ಪರವಾಗಿ ಒಂದು ಮಾತು ಒಪ್ಪಲೇಬೇಕು. 2018ರಲ್ಲಿ, 2019ರಲ್ಲಿ ಹೊಳೆ ಉಕ್ಕಿ ಮುಳ್ಳೂರು, ದಾಸನಪುರ, ಹಳೇ ಅಣಗಳ್ಳಿಗಳಿಗೆ ನುಗ್ಗಿದಂಥ ವರ್ಷಗಳಲ್ಲಿ ಹಗ್ಗ, ಬಾಳೆ ಪಟ್ಟೆ, ಚೀಲ ಎಲ್ಲಕ್ಕೂ ಮರಳು ಮೆತ್ತಿಕೊಳ್ಳುತ್ತದೆ. ಮರಳು ಮೆತ್ತಿದ ಹಗ್ಗ ಕೊಯ್ಯುವುದೆಂದರೆ ಶೆಫೀಲ್ಡಿನ ಪರೀಕ್ಷೆಯೇ. ಅಲ್ಲಿ ಗಟ್ಟಿ ಉಕ್ಕು ಗೆಲ್ಲುತ್ತದೆ. ಆದರೆ ಗೆದ್ದು ಗೆದ್ದು ಕೊನೆಗೊಮ್ಮೆ ಮೊಂಡಾಗುತ್ತದಲ್ಲ, ಆ ದಿನ ಅದನ್ನು ಹಿಡಿದು ಎಲ್ಲಿಗೆ ಹೋಗುವುದು? ಕುಡ್ಲಿನ ಬಾಯಿ ಹೋದರೆ ಕುಲುಮೆಗೆ ಒಯ್ದು ತಟ್ಟಿಸಿಕೊಂಡು ಬರುವ ಸೀಮೆ ಇದು. ಲಾರಿಯ ಕಮಾನು ಪಟ್ಟಿಯಿಂದ ಮಚ್ಚು ಮಾಡುವ ಆಚಾರಿಗೆ ಅದರ ಹದ ಗೊತ್ತು. ಜನಪದ ಮಂಟೇಸ್ವಾಮಿ ಕಾವ್ಯದಲ್ಲಿ ಶಿಷ್ಯ ಸಿದ್ದಪ್ಪಾಜಿ ಹಲಗೂರಿನ ಪಾಂಚಾಳ ಕಮ್ಮಾರರ ಬಳಿ ಕಬ್ಬಿಣದ ಭಿಕ್ಷೆಗೆ ಹೋಗುತ್ತಾನೆ. ಆ ಸಿದ್ದಪ್ಪಾಜಿಯ ಗದ್ದುಗೆ ಇರುವ ಚಿಕ್ಕಲ್ಲೂರು ಇಲ್ಲಿಗೆ ದೂರವಲ್ಲ. ಕಬ್ಬಿಣವೆಂದರೆ ಇಲ್ಲಿಯವರಿಗೆ ಮರಳಿ ಹೋಗಬಹುದಾದ ಒಂದು ಮನೆಬಾಗಿಲು. ವನೇಡಿಯಂ ಉಕ್ಕಿಗೆ ಆ ಬಾಗಿಲಿಲ್ಲ.

ಹಾಗಾದರೆ ಬರಿಯ ಕಬ್ಬಿಣ-ಇಂಗಾಲದ ಹಳೇ ಉಕ್ಕೇ ಆಗಲೆಂದು ಕೆಲವರು ಇನ್ನೊಂದು ತುದಿಗೆ ಹೋಗುತ್ತಾರೆ. ಹರಿತ ಬರುವುದರಲ್ಲಿ ಅದಕ್ಕೆ ಸಾಟಿಯಿಲ್ಲ, ನಿಜ. ಬಾಳೆಯ ಸೊನೆ ತಾಕಿದರೆ ಕಪ್ಪಾಗುತ್ತದೆ, ಹುಣಿಸೆ ತಾಕಿದರೂ ಅಷ್ಟೇ. ಕಪ್ಪು ಇರಲಿ, ಆದರೆ ಮಳೆಗಾಲದಲ್ಲಿ ಬೆವರಿನ ಜೇಬಿನೊಳಗೆ ಕೀಲಿನ ಸಂದಿಗೆ ತುಕ್ಕು ಹಿಡಿಯುತ್ತದೆ, ಒರೆಸಲು ಅಲ್ಲಿಗೆ ಬೆರಳು ಹೋಗದು. ಹೊಳೆದಂಡೆಗೆ ನಾನು ಹೇಳುವುದು ಮೆದುವಾದ ಸ್ಟೇನ್‌ಲೆಸ್, ವಿಕ್ಟೋರಿನಾಕ್ಸ್‌ನವರು ಬಳಸುವಂಥ 56ರ ಆಸುಪಾಸಿನ ಗಡಸುತನದ್ದು. ಚಾಕಿನ ಹುಚ್ಚು ಹಿಡಿದವರು ಅದನ್ನು ಬೆಣ್ಣೆ ಎಂದು ಹಳಿಯುತ್ತಾರೆ. ಹಳಿಯಲಿ.

ಅಲಗಿನ ದಪ್ಪವನ್ನು ಯಾರೂ ಕೇಳುವುದೇ ಇಲ್ಲ, ಉಕ್ಕಿನ ಹೆಸರು ಕೇಳುತ್ತಾರೆ. ಮೂರೂವರೆ ಮಿಲಿಮೀಟರ್ ದಪ್ಪದ ಅಲಗು ಎಷ್ಟೇ ಹರಿತವಿದ್ದರೂ ಮಾವಿನಕಾಯಿಯನ್ನು ಕೊಯ್ಯುವುದಿಲ್ಲ, ಸೀಳುತ್ತದೆ. ಎರಡು ಮಿಲಿಮೀಟರಿಗಿಂತ ತೆಳುವಿರಲಿ.

ಇನ್ನು ಲಾಕು. ಲಾಕಿಲ್ಲದ ಚಾಕು ಬೆರಳು ತೆಗೆಯುತ್ತದೆ ಎನ್ನುವುದು ವೇದವಾಕ್ಯದಂತೆ ಓಡಾಡುತ್ತಿದೆ. ಇತಿಹಾಸ ಬೇರೆಯೇ ಹೇಳುತ್ತದೆ. ಫ್ರಾನ್ಸಿನ ಸವೊಯ್ ಪ್ರಾಂತದ ಜೋಸೆಫ್ ಒಪಿನೆಲ್ 1890ರಲ್ಲಿ ರೂಪಿಸಿದ ರೈತರ ಚಾಕಿಗೆ ಲಾಕಿನ ಬಳೆ ಬಂದದ್ದು 1955ರಲ್ಲಿ. ಅಲ್ಲಿಯವರೆಗೆ ಅರವತ್ತೈದು ವರ್ಷ ದ್ರಾಕ್ಷಿ ತೋಟದವರೂ ದನಗಾಹಿಗಳೂ ಲಾಕಿಲ್ಲದೆಯೇ ಬದುಕಿದರು. ವಿಕ್ಟೋರಿನಾಕ್ಸ್‌ನ ಸ್ವಿಸ್ ಸ್ಥಾಪಕ ಕಾರ್ಲ್ ಎಲ್ಸೆನರ್ 1897ರಲ್ಲಿ ನೋಂದಾಯಿಸಿದ ಆಫೀಸರ್ ಚಾಕಿನ ವಂಶದ 91 ಮಿಲಿಮೀಟರಿನ ಕೆಂಪು ಚಾಕುಗಳಲ್ಲಿ ದೊಡ್ಡ ಅಲಗಿಗೆ ಇಂದಿಗೂ ಬೆನ್ನಿನ ಸ್ಪ್ರಿಂಗಿನ ಬಿಗಿಯಷ್ಟೇ ಆಧಾರ. ಜಪಾನಿನ ಮಡಚುವ ಚಾಕು ಹಿಗೊನೊಕಾಮಿಗೆ ಆ ಸ್ಪ್ರಿಂಗೂ ಇಲ್ಲ. ಕೊಯ್ಯುವಾಗ ಬಲ ಬೀಳುವುದು ಬಾಯಿಯ ಕಡೆಗೆ, ಅದು ಅಲಗನ್ನು ಇನ್ನಷ್ಟು ಬಿಚ್ಚುತ್ತದೆಯೇ ಹೊರತು ಮಡಚುವುದಿಲ್ಲ. ಮಡಚಿಕೊಳ್ಳುವುದು ತಿವಿದಾಗ, ಮೀಟಿದಾಗ, ತೂತು ಕೊರೆದಾಗ. ಅವು ಚಾಕಿನ ಕೆಲಸವೇ ಅಲ್ಲ. ಲಾಕು ನಂಬಿ ಅವನ್ನೆಲ್ಲ ಮಾಡಲು ಹೊರಡುವವನೇ, ತೆಳು ತಗಡಿನ ಲಾಕಿನೊಳಗೆ ಮಣ್ಣು ಸಿಕ್ಕಿಕೊಂಡ ದಿನ ಬೆರಳು ಕೊಯ್ದುಕೊಳ್ಳುತ್ತಾನೆ. ಬೆರಳ ಹಿಡಿತ ಕುಂದಿದವರಿಗೆ, ಚಾಕಿನ ಕೆಲಸ ಈಗಷ್ಟೇ ಕಲಿಯುತ್ತಿರುವ ಮಕ್ಕಳಿಗೆ ಒಪಿನೆಲ್‌ನಂಥ ತಿರುಗಿಸುವ ಬಳೆ ಒಳ್ಳೆಯದೇ. ಅದರ ಒಳಗೆ ಸಿಕ್ಕಿಕೊಳ್ಳುವಂಥದ್ದು ಕಡಿಮೆ, ಇದ್ದರೂ ಕಣ್ಣಿಗೆ ಕಾಣುತ್ತದೆ.

ಒಂದೇ ಕೈಯಲ್ಲಿ ಚಕ್ಕನೆ ಬಿಚ್ಚಬೇಕೆಂಬ ಹಟ ಮಾತ್ರ ನನಗೆ ಕೊಂಚವೂ ಅರ್ಥವಾಗುವುದಿಲ್ಲ. ಗೊಬ್ಬರದ ಚೀಲ ಎಲ್ಲಿಗೆ ಓಡಿಹೋಗುತ್ತದೆ? ಉಗುರು ಕೊಟ್ಟು ಎರಡು ಕೈಯಲ್ಲಿ ಬಿಚ್ಚುವ ಚಾಕನ್ನು ಕಂಡು ಪಕ್ಕದವರು ಬೆಚ್ಚುವುದಿಲ್ಲ. ಬಸ್ಸಿನಲ್ಲಿ ಕಿತ್ತಳೆ ಕೊಯ್ಯಲು ಹೊರಟವನಿಗೆ ಇದು ಸಣ್ಣ ಸೌಕರ್ಯವಲ್ಲ.

ಬೆಚ್ಚುವ ಮಾತಿನಿಂದ ಕಾನೂನಿಗೆ ಬರಬೇಕು. ಇಲ್ಲಿ ತಪ್ಪು ತಿಳಿವಳಿಕೆ ಹೆಚ್ಚು. 'ಮೂರಿಂಚಿನ ಒಳಗಿದ್ದರೆ ಏನೂ ತೊಂದರೆಯಿಲ್ಲ' ಎಂಬ ಮಾತು ಬ್ರಿಟನ್ನಿನದು, ಅಲ್ಲಿನ 1988ರ ಕಾಯ್ದೆಯದು. ದೆಹಲಿಯ 1980ರ ಅಧಿಸೂಚನೆಯಲ್ಲೂ 7.62 ಸೆಂಟಿಮೀಟರಿನ ಲೆಕ್ಕ ಬರುತ್ತದೆ, ಆದರೆ ಅದು ಬಟನ್ ಚಾಕು, ಗರಾರಿ ಚಾಕುಗಳಂಥವಕ್ಕೆ, ಅದೂ ದೆಹಲಿಗೆ ಮಾತ್ರ. ನಮ್ಮ ಶಸ್ತ್ರಾಸ್ತ್ರ ನಿಯಮಗಳು ಪಟ್ಟಿ ಮಾಡುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳನ್ನು. ಮನೆಗೆಲಸ, ಬೇಸಾಯದ ಹತಾರಗಳನ್ನು ಅಲ್ಲೇ ಹೊರಗಿಟ್ಟಿದ್ದಾರೆ. ಇಷ್ಟು ಓದಿ ನಿಶ್ಚಿಂತರಾಗುವವರು ಕೊಳ್ಳೇಗಾಲದ ಭೂಪಟವನ್ನು ಒಮ್ಮೆ ನೋಡಬೇಕು. ಹನೂರಿನ ಕಡೆ ಕಾವೇರಿ ವನ್ಯಧಾಮ, 2013ರಲ್ಲಿ ಘೋಷಣೆಯಾದ ಮಲೆಮಹದೇಶ್ವರ ವನ್ಯಧಾಮ. ಯಳಂದೂರಿನ ಕಡೆ 2011ರಲ್ಲಿ ಹುಲಿ ಮೀಸಲಾದ ಬಿಳಿಗಿರಿರಂಗನ ಬೆಟ್ಟ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 31ನೇ ಕಲಮಿನ ಪ್ರಕಾರ ಲಿಖಿತ ಅನುಮತಿ ಇಲ್ಲದೆ ಆಯುಧದೊಂದಿಗೆ ವನ್ಯಧಾಮ ಹೊಗುವಂತಿಲ್ಲ. ಆಯುಧವೆಂದರೆ ಏನೆಂದು ಅದೇ ಕಾಯ್ದೆ ವಿವರಿಸುವಾಗ ಬಂದೂಕು, ಬಲೆ, ವಿಷದ ಜೊತೆಗೆ ಚಾಕನ್ನೂ ಹೆಸರಿಸುತ್ತದೆ. ಇಂಚಿನ ಮಾತೇ ಅಲ್ಲಿಲ್ಲ. ಮಾದಪ್ಪನ ಬೆಟ್ಟಕ್ಕೋ ರಂಗಪ್ಪನ ಬೆಟ್ಟಕ್ಕೋ ಹೊರಟ ದಿನ, ದಾರಿಯಲ್ಲಿ ಕಾಡಿಗಿಳಿಯುವ ಯೋಚನೆಯಿದ್ದರೆ, ಎಷ್ಟು ಸಣ್ಣ ಚಾಕಾದರೂ ಮನೆಯಲ್ಲೇ ಇರಲಿ. 'ದಿನವೂ ಜೇಬಿನಲ್ಲಿ' ಎಂಬ ಶಪಥ ಈ ಸೀಮೆಯಲ್ಲಿ ನಡೆಯುವುದಿಲ್ಲ.

ಜೇಬು ಎಂದೆ. ಆ ಬುದ್ಧಿವಾದಗಳು ಪ್ಯಾಂಟಿನ ಜೇಬಿನ ಅಂಚಿಗೆ ಸಿಕ್ಕಿಸುವ ಕ್ಲಿಪ್ಪಿನ ಬಗ್ಗೆ ಪುಟಗಟ್ಟಲೆ ಹೇಳುತ್ತವೆ. ಪಂಚೆಯೊಳಗಿನ ಪಟ್ಟಾಪಟ್ಟಿ ಚಡ್ಡಿಯ ಆಳದ ಜೇಬಿಗೆ ಕ್ಲಿಪ್ಪು ಯಾಕೆ? ಇನ್ನು ಹೆಂಗಸರನ್ನು ಅವು ಲೆಕ್ಕಕ್ಕೇ ಹಿಡಿಯುವುದಿಲ್ಲ. ಈ ಊರುಗಳಲ್ಲಿ ದಿನವೂ ತಪ್ಪದೆ ಒಂದು ಹತಾರವನ್ನು ಮೈಮೇಲೆ ಇಟ್ಟುಕೊಂಡು ತಿರುಗಿದವರು ಅವರೇ. ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪಿನ ಜೊತೆ ಸಂಚಿಯೊಳಗೆ ಒಂದು ಅಡಕತ್ತರಿ. ಲಾಕಿಲ್ಲ, ಕ್ಲಿಪ್ಪಿಲ್ಲ, ಉಕ್ಕಿಗೆ ಹೆಸರಿಲ್ಲ.

ಸಂಚಿಯ ಹೊಗೆಸೊಪ್ಪು 'ಒಂದೇ ಚಾಕು ಜನ್ಮಕ್ಕಾಯಿತು' ಎಂಬ ಕೊನೆಯ ಮಾತನ್ನೂ ಬುಡಮೇಲು ಮಾಡುತ್ತದೆ. ಕೊಳ್ಳೇಗಾಲ ರೇಷ್ಮೆಗೆ ಹೆಸರಾದ ಸೀಮೆ. ಚಾಕಿ ಹುಳುವಿಗೆ, ಅಂದರೆ ಎಳೆಯ ರೇಷ್ಮೆಹುಳುವಿಗೆ, ಹಿಪ್ಪುನೇರಳೆ ಎಳೆಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕಬೇಕು. ರೇಷ್ಮೆಹುಳುವಿಗೆ ನಿಕೋಟಿನ್ ವಿಷ. ಹೊಗೆಸೊಪ್ಪಿನ ಹೊಲದ ಪಕ್ಕದ ಹಿಪ್ಪುನೇರಳೆ ಸೊಪ್ಪನ್ನು ತಿಂದೇ ಹುಳು ಸಾಯುತ್ತದೆ. ಹೊಗೆಸೊಪ್ಪು ಚೂರು ಮಾಡಿದ ಜೇಬಿನ ಚಾಕು ಹುಳುಮನೆಯೊಳಕ್ಕೆ ಬರಲೇಬಾರದು. ಒರೆಸಿದ್ದೇನೆ ಎಂದರೆ ಸಾಲದು, ಕೀಲಿನ ಸಂದಿಯನ್ನು ಯಾರೂ ಒರೆಸಿರುವುದಿಲ್ಲ. ಅಲ್ಲಿ ಬೇಕಾದದ್ದು ಮಡಚದ, ಸಂದಿಯಿಲ್ಲದ, ತೊಳೆದು ಬಿಸಿಲಿಗಿಡಬಹುದಾದ ಬೇರೆಯೇ ಚಾಕು. ವನೇಡಿಯಂ ಉಕ್ಕಿನ ಒಂದು ಚಾಕಿಗೆ ಸುರಿಯುವ ಹಣದಲ್ಲಿ ಮೆದು ಉಕ್ಕಿನವು ಎರಡು ಮೂರು ಬರುತ್ತವೆ. ಜೇಬಿಗೊಂದು, ಹುಳುಮನೆಯ ಗೂಡಿಗೊಂದು, ಉಳಿದ ದುಡ್ಡಿಗೆ ಒಂದು ಒಳ್ಳೆಯ ಸಾಣೆಕಲ್ಲು.