ಅರವತ್ತನಾಲ್ಕನೆಯವನು ಮುಂದಿನ ಶನಿವಾರ ಏನು ಮಾಡ್ತಾನೆ?

ಸಿನಿಮಾ ಬಂದರೆ ವಿಮರ್ಶೆ ಬರೀತೀವಿ. ಪುಸ್ತಕಕ್ಕೂ ಬರೀತೀವಿ. ಹೊಸ ಹೋಟೆಲಿನ ಮಸಾಲೆ ದೋಸೆಗೆ ಕೂಡ ನಾಲ್ಕು ಸಾಲು ಗೀಚಿ ಮೂರೂವರೆ ಸ್ಟಾರ್ ಕೊಡ್ತೀವಿ. ಟೂರ್ನಮೆಂಟಿಗೆ ಮಾತ್ರ ವಿಮರ್ಶೆ ಇಲ್ಲ, ಬರೀ ಫಲಿತಾಂಶ. ಯಾರು ಗೆದ್ರು, ಫೈನಲ್ ಹೇಗಿತ್ತು, ಬಹುಮಾನ ಎಷ್ಟು, ಮುಗೀತು. ಆದರೆ ಟೂರ್ನಮೆಂಟ್ ತಾನಾಗಿ ಆಗೋದಲ್ಲ. ಯಾರ ಎದುರು ಯಾರು, ಎಷ್ಟು ಆಟ, ಎಷ್ಟು ಗಂಟೆಗೆ, ಸೋತವನ ಗತಿ ಏನು ಅಂತ ಯಾರೋ ಕೂತು ತೀರ್ಮಾನ ಮಾಡಿರ್ತಾರೆ. ಒಬ್ಬರು ಕಟ್ಟಿದ್ದು ಅಂದಮೇಲೆ ಅದನ್ನು ಸರಿಯಾಗಿ ಕಟ್ಟಿದ್ದಾರಾ ಅಂತ ಕೇಳೋ ಹಕ್ಕು ನಮಗಿದೆ. ಏಜ್ ಆಫ್ ಎಂಪೈರ್ಸ್ 2 ಎಂಬ ಹಳೇ ಗೇಮಿನ ಅಭಿಮಾನಿ ಬಳಗಗಳು ಆನ್‌ಲೈನಿನಲ್ಲಿ ನಡೆಸುವ ಟೂರ್ನಮೆಂಟುಗಳ ಬಗ್ಗೆ ನಾನು ಕೇಳಬೇಕಾದ್ದು ಅದನ್ನೇ.

ಗೇಮು ಗೊತ್ತಿಲ್ಲದವರಿಗೆ ಎರಡು ಮಾತು. 1999ರಲ್ಲಿ ಬಂದದ್ದು. ಹಾಸ್ಟೆಲಿನ ಲ್ಯಾನ್‌ನಲ್ಲೋ ಸೈಬರ್ ಕೆಫೆಯಲ್ಲೋ ಆಡಿದವರು ನಿಮ್ಮಲ್ಲೂ ಇದ್ದಾರೆ. ಕೆಲವೇ ಹಳ್ಳಿಗರಿಂದ ಶುರು. ಕುರಿ ಹುಡುಕಬೇಕು, ಮರ ಕಡಿಯಬೇಕು, ಹೊಲ ಮಾಡಬೇಕು, ಕೋಟೆ ಕಟ್ಟಬೇಕು, ಅಷ್ಟರಲ್ಲಿ ಎದುರಾಳಿಯ ಕುದುರೆ ದಂಡು ಬಂದು ನಿಂತಿರುತ್ತೆ. 2006ರಲ್ಲಿ ಮೈಕ್ರೋಸಾಫ್ಟ್ ತನ್ನ ಝೋನ್‌ನಲ್ಲಿ ಈ ಗೇಮು ಆಡೋ ವ್ಯವಸ್ಥೆ ನಿಲ್ಲಿಸಿತು. 2009ರಲ್ಲಿ ಗೇಮು ಮಾಡಿದ ಎನ್‌ಸೆಂಬಲ್ ಸ್ಟುಡಿಯೋಸ್ ಕಂಪನಿಯೇ ಮುಚ್ಚಿತು. ಸಾಮಾನ್ಯವಾಗಿ ಒಂದು ಗೇಮಿನ ಕತೆ ಅಲ್ಲಿಗೆ ಮುಗೀಬೇಕು. ಇದು ಮುಗೀಲಿಲ್ಲ. ಆಟಗಾರರು ವೂಬ್ಲಿಯಂಥ ಬೇರೆ ಜಾಗಗಳಿಗೆ ಗುಳೆ ಹೋದರು. ಫರ್ಗಾಟನ್ ಎಂಪೈರ್ಸ್ ಅಂತ ಅಭಿಮಾನಿಗಳು ಸೇರಿ ಮಾಡಿದ ಬಿಟ್ಟಿ ವಿಸ್ತರಣೆ 2013ರಲ್ಲಿ ಅಧಿಕೃತ ವಿಸ್ತರಣೆಯೇ ಆಯ್ತು. ಅದೇ ತಂಡ 2019ರ ಡೆಫಿನಿಟಿವ್ ಎಡಿಷನ್ ಕಟ್ಟುವುದರಲ್ಲೂ ಇತ್ತು. 2022ರಲ್ಲಿ ಡೈನಾಸ್ಟೀಸ್ ಆಫ್ ಇಂಡಿಯಾ ಬಂದು, ಅಲ್ಲೀತನಕ 'ಇಂಡಿಯನ್ಸ್' ಅಂತ ಒಂದೇ ಮೂಟೆಯಲ್ಲಿದ್ದ ನಾವು ಹಿಂದೂಸ್ತಾನಿಗಳು, ಗುರ್ಜರರು, ಬಂಗಾಳಿಗಳು, ದ್ರಾವಿಡರು ಅಂತ ನಾಲ್ಕಾದೆವು.

ಅಂದರೆ ಮಾಲೀಕರು ಕೈಬಿಟ್ಟಾಗ ಈ ಗೇಮಿಗೆ ನೀರು ಹಾಕಿದ್ದು ಆಡುವವರು. ಹಾಗಾಗಿ ಅವರು ನಡೆಸುವ ಟೂರ್ನಮೆಂಟನ್ನು ಅಳೆಯೋಕೆ ಒಂದೇ ಪ್ರಶ್ನೆ ಸಾಕು ಅಂತ ನನಗನ್ನಿಸುತ್ತೆ. ಮುಗಿದ ಮೇಲೆ ಆಡುವವರ ಸಂಖ್ಯೆ ಹೆಚ್ಚಾಯ್ತಾ, ಕಮ್ಮಿ ಆಯ್ತಾ?

ಮೊದಲು ಒಂದು ಒಳ್ಳೆ ಉದಾಹರಣೆ ನೋಡೋಣ. ಟಿ90 ಅನ್ನೋ ಹೆಸರಲ್ಲಿ ಕಾಮೆಂಟರಿ ಹೇಳುವ ಅಮೆರಿಕದ ಯೂಟ್ಯೂಬರ್ 2018ರಲ್ಲಿ ಹಿಡನ್ ಕಪ್ ಶುರು ಮಾಡಿದರು. ಜಗತ್ತಿನ 16 ಘಟಾನುಘಟಿಗಳು. ಆದರೆ ಅವರು ಆಡುವುದು ಸ್ವಂತ ಹೆಸರಲ್ಲಲ್ಲ, ಚರಿತ್ರೆಯ ವೀರರ ಹೆಸರಲ್ಲಿ. ಎದುರಿಗಿರೋದು ಯಾರು ಅಂತ ಆಟಗಾರನಿಗೂ ಗೊತ್ತಿಲ್ಲ, ನೋಡುವವರಿಗೂ ಗೊತ್ತಿಲ್ಲ. ಕುರಿ ಎಳೆಯುವ ರೀತಿ, ಗೋಡೆ ಕಟ್ಟುವ ಹೊತ್ತು, ಸೋಲುವಾಗಿನ ಹಟ ಇವನ್ನೆಲ್ಲ ನೋಡಿ ಜನ ಊಹೆ ಕಟ್ಟಬೇಕು. ಯಕ್ಷಗಾನದಲ್ಲಿ ಬಣ್ಣದ ವೇಷದೊಳಗೆ ಯಾರಿದ್ದಾರೆ ಅಂತ ಹೆಜ್ಜೆ ನೋಡಿ ಹೇಳ್ತಾರಲ್ಲ, ಥೇಟ್ ಹಾಗೆ. ಹೆಸರನ್ನು ಮುಚ್ಚಿದ್ದರಿಂದ ಜನ ಆಟವನ್ನು ನೋಡೋಕೆ ಶುರು ಮಾಡಿದರು. ಆಟಗಾರರನ್ನು ಹತ್ತಿರದಿಂದ ಬಲ್ಲ ಅಭಿಮಾನಿಗೆ ಮಾತ್ರ ಹೊಳೆಯಬಹುದಾದ ಐಡಿಯಾ ಇದು. ನನ್ನ ಪ್ರಕಾರ ಈ ಬಳಗ ಕೊಟ್ಟ ಅತಿ ಚಂದದ ಕಾಣಿಕೆ.

ತೊಂದರೆ ಶುರುವಾಗೋದು ನಕಲಿನಲ್ಲಿ. ದೊಡ್ಡ ಟೂರ್ನಮೆಂಟ್ ನೋಡಿದ ಸಣ್ಣ ಬಳಗದವರು ತಾವೂ ಒಂದು ನಡೆಸ್ತಾರೆ. ನಡೆಸಲಿ, ಸಂತೋಷ. ಆದರೆ ಹಿಡನ್ ಕಪ್‌ನಿಂದ ಎತ್ತಿಕೊಳ್ಳೋದು ಅದರ ಜಾಣತನವನ್ನಲ್ಲ, ಅದರ ಅಸ್ಥಿಪಂಜರವನ್ನ. ಸೋತರೆ ಮನೆಗೆ ಅನ್ನೋ ನಾಕೌಟ್. 16 ಜನ ವೃತ್ತಿಪರರಿಗೆ, ಸಾವಿರಾರು ಜನ ಕೂತು ನೋಡುವ ಕಡೆ ಅದು ಸರಿ. ಅಲ್ಲಿ ಟೂರ್ನಮೆಂಟ್ ಇರೋದೇ ನೋಡುವವರಿಗಾಗಿ. ನಿಮ್ಮ ಬಳಗದಲ್ಲಿ ನೋಡುವವರು ಬೇರೆ ಇಲ್ಲ ಮಾರಾಯ್ರೆ, ಆಡುವವರೇ ನೋಡುವವರು.

ಲೆಕ್ಕ ಹಾಕಿ ನೋಡಿ. 64 ಜನ ಹೆಸರು ಕೊಟ್ಟರು ಅಂತಿಟ್ಟುಕೊಳ್ಳೋಣ. ನಾಕೌಟ್‌ನಲ್ಲಿ ಒಟ್ಟು 63 ಪಂದ್ಯ, 6 ಸುತ್ತು. ಮೊದಲ ಶನಿವಾರ ರಾತ್ರಿಗೇ 32 ಜನರ ಕತೆ ಮುಗೀತು. ಒಂದೂ ಪಂದ್ಯ ಗೆಲ್ಲದೆ ಹೋದವರು 32. ಒಂದೇ ಒಂದು ಗೆದ್ದವರು 16. ಅಂದರೆ ಬಂದವರಲ್ಲಿ ಮುಕ್ಕಾಲು ಪಾಲು ಜನ ಹೆಚ್ಚೆಂದರೆ ಎರಡು ಪಂದ್ಯ ಆಡಿ ಎದ್ದು ಹೋಗ್ತಾರೆ. ಎರಡು ವಾರ ನಿಯಮ ಬರೆದು, ಪೋಸ್ಟರ್ ಮಾಡಿ, ಒಬ್ಬೊಬ್ಬರನ್ನೇ ಕರೆದು ಸೇರಿಸಿದ್ದು ಇದಕ್ಕಾ?

ಸಾಲದ್ದಕ್ಕೆ ಸೀಡಿಂಗ್. ಒಂದನೇ ರ‍್ಯಾಂಕಿನವನಿಗೆ 64ನೆಯವನು, ಎರಡನೆಯವನಿಗೆ 63ನೆಯವನು. ಬಲಿಷ್ಠರು ಬೇಗ ಒಬ್ಬರಿಗೊಬ್ಬರು ಸಿಗಬಾರದು ಅನ್ನೋ ಕಾಳಜಿಯಿಂದ ಮಾಡಿದ ಏರ್ಪಾಡು. ಆ ಕಾಳಜಿಯ ಬೆಲೆ ಕಟ್ಟೋದು ಹೊಸಬ. ಭಯಪಟ್ಟುಕೊಂಡು ಮೊದಲ ಸಲ ಹೆಸರು ಕೊಟ್ಟ ಹುಡುಗನ ಮೊದಲ ಪಂದ್ಯವೇ ಬಳಗದ ಅತಿ ಬಲಿಷ್ಠನ ಜೊತೆ!

ಆಮೇಲೆ 'ಬೆಸ್ಟ್ ಆಫ್ ಫೈವ್' ಅನ್ನೋ ನ್ಯಾಯ. ಚೆಸ್‌ಗಾಗಿ ಆರ್ಪಾಡ್ ಎಲೊ ಎಂಬ ಭೌತಶಾಸ್ತ್ರದ ಪ್ರೊಫೆಸರ್ ರೂಪಿಸಿದ ರೇಟಿಂಗ್ ಪದ್ಧತಿಯನ್ನೇ ಈ ಗೇಮೂ ಬಳಸುತ್ತೆ. ಅದರ ಪ್ರಕಾರ ಇಬ್ಬರ ನಡುವೆ 200 ಅಂಕ ವ್ಯತ್ಯಾಸ ಇದ್ದರೆ, ಬಲಿಷ್ಠ ನೂರಕ್ಕೆ ಸುಮಾರು 76 ಆಟ ಗೆಲ್ತಾನೆ. ಕಮ್ಮಿ ರೇಟಿಂಗಿನವನಿಗೆ 24 ಉಳೀತು, ಪರವಾಗಿಲ್ಲ. ಅದೇ ಮೂರು ಆಟದಲ್ಲಿ ಎರಡು ಗೆಲ್ಲಬೇಕು ಅಂದರೆ ಬಲಿಷ್ಠನ ಪಾಲು 85ಕ್ಕೆ ಏರುತ್ತೆ. ಐದರಲ್ಲಿ ಮೂರು ಅಂದರೆ 90 ದಾಟುತ್ತೆ. ಆಟ ಹೆಚ್ಚಾದಷ್ಟು ಫಲಿತಾಂಶ ನ್ಯಾಯವಾಗುತ್ತೆ, ಒಪ್ಪೋಣ. ಆದರೆ ಆ ನ್ಯಾಯ ಬಲಿಷ್ಠನ ವಿಮೆ ಕೂಡ ಹೌದು. ಸೀಡಿಂಗ್‌ನಲ್ಲಿ ಒಮ್ಮೆ ಕಾಪಾಡಿದವನನ್ನ ಇಲ್ಲಿ ಇನ್ನೊಮ್ಮೆ ಕಾಪಾಡ್ತೀವಿ.

'ನಮ್ಮೂರಲ್ಲೂ ನಾಕೌಟೇ ಅಲ್ವಾ, ಯಾರೂ ಗೊಣಗಲ್ಲ' ಅಂತ ಕೇಳಬಹುದು. ನಾನೂ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ನೋಡ್ತಾ ಬೆಳೆದವನೇ. ಅಲ್ಲಿ ಸೋತ ತಂಡ ಎಲ್ಲಿಗೂ ಹೋಗಲ್ಲ. ಕೊನೇ ಬಸ್ಸು ಹೋಗಿರುತ್ತೆ. ಮಂಡಕ್ಕಿ ತಿನ್ನುತ್ತಾ, ತಮ್ಮನ್ನು ಸೋಲಿಸಿದ ತಂಡಕ್ಕೇ ಶಿಳ್ಳೆ ಹೊಡೀತಾ, ರೆಫರಿಗೆ ಬೈತಾ ಬೆಳಗಾಗೋ ತನಕ ಮೈದಾನದಲ್ಲೇ ಇರ್ತಾರೆ. ಮರು ವರ್ಷ ಮತ್ತೆ ಬರ್ತಾರೆ. ನಾಕೌಟ್ ಬಿಟ್ಟುಕೊಟ್ಟವರನ್ನ ಅಲ್ಲಿ ಮೈದಾನ ಹಿಡಿದಿಟ್ಟುಕೊಳ್ಳುತ್ತೆ. ಅಷ್ಟೇ ಅಲ್ಲ, ಕಬಡ್ಡಿ ಆಟದ ಒಳಗೇ ಆ ವಿವೇಕ ಇದೆ. ಔಟಾದವನು ಹೊರಗೆ ಕೂತಿರ್ತಾನೆ ನಿಜ, ಆದರೆ ತನ್ನ ತಂಡ ಎದುರಾಳಿಯನ್ನ ಔಟ್ ಮಾಡಿದಾಗ ಮತ್ತೆ ಒಳಗೆ ಬರ್ತಾನೆ. ಇಡೀ ತಂಡ ಔಟಾದರೆ ಎದುರಿನವರಿಗೆ ಲೋನಾ ಅಂತ 2 ಪಾಯಿಂಟ್ ಹೆಚ್ಚು ಸಿಗುತ್ತೆ, ಏಳೂ ಜನ ಮತ್ತೆ ಅಂಕಣಕ್ಕೆ ಇಳೀತಾರೆ. ಆನ್‌ಲೈನಿನಲ್ಲಿ ಮೈದಾನವೇ ಇಲ್ಲ. ಸೋತವನು ಕಿಟಕಿ ಮುಚ್ಚಿದ ಅಂದರೆ ಅವನು ಇದ್ದ ಅನ್ನೋ ಗುರುತೂ ಉಳಿಯಲ್ಲ. ಮೈದಾನ ಮಾಡ್ತಿದ್ದ ಕೆಲಸವನ್ನ ಟೂರ್ನಮೆಂಟಿನ ರಚನೆಯೇ ಮಾಡಬೇಕು.

ಮಾಡೋಕೆ ದಾರಿ ಇದೆ, ಅದೇನೂ ಹೊಸದಲ್ಲ. 1895ರಲ್ಲಿ ಜ್ಯೂರಿಕ್‌ನ ಚೆಸ್ ಟೂರ್ನಮೆಂಟಿನಲ್ಲಿ ಮೊದಲು ಬಳಸಿದ್ದಕ್ಕೆ ಸ್ವಿಸ್ ಪದ್ಧತಿ ಅಂತಲೇ ಹೆಸರು. ಯಾರನ್ನೂ ಹೊರಗೆ ಹಾಕೋದಿಲ್ಲ. ಗೆದ್ದವರು ಗೆದ್ದವರ ಜೊತೆ, ಸೋತವರು ಸೋತವರ ಜೊತೆ ಮುಂದಿನ ಸುತ್ತು ಆಡ್ತಾರೆ. ಅದೇ 64 ಜನ, ಅದೇ 6 ಸುತ್ತು. ಕೊನೆಗೆ ಆರಕ್ಕೆ ಆರೂ ಗೆದ್ದವನು ಒಬ್ಬ, ಐದು ಗೆದ್ದವರು 6, ನಾಲ್ಕು ಗೆದ್ದವರು 15, ಮೂರು ಗೆದ್ದವರು 20, ಎರಡು ಗೆದ್ದವರು 15, ಒಂದು ಗೆದ್ದವರು 6. ಒಂದೂ ಗೆಲ್ಲದವನು ಒಬ್ಬನೇ ಒಬ್ಬ. ಅಲ್ಲಿ 32, ಇಲ್ಲಿ 1. ಎರಡರಲ್ಲೂ ಚಾಂಪಿಯನ್ ಆಡೋದು ಆರೇ ಪಂದ್ಯ. ಗೆಲ್ಲುವವನಿಂದ ಏನನ್ನೂ ಕಿತ್ತುಕೊಳ್ಳದೆ ಉಳಿದವರಿಗೆ ಕೊಡಬಹುದಾದದ್ದು ಇದು.

ಇದಕ್ಕೆ ನಡೆಸುವವರ ಆಕ್ಷೇಪಣೆ ಇದೆ, ತಳ್ಳಿಹಾಕುವಂಥದ್ದಲ್ಲ. 63 ಇದ್ದ ಪಂದ್ಯ 192 ಆಗುತ್ತೆ. ನಡೆಸೋರು ಸಂಬಳವಿಲ್ಲದೆ ದುಡಿಯೋರು. ಹಗಲೆಲ್ಲ ಆಫೀಸಿನ ಟಿಕೆಟ್ ಮುಚ್ಚಿ, ರಾತ್ರಿ ಯಾರೋ ಇಬ್ಬರ ಇಂಟರ್‌ನೆಟ್ ಜಗಳ ಬಿಡಿಸಬೇಕು. ಕನೆಕ್ಷನ್ ಹೋದರೆ ಸೇವ್ ಆದಲ್ಲಿಂದ ಶುರುವಾ, ಮೊದಲಿಂದಲಾ? ಯಾವ ಮ್ಯಾಪ್, ಯಾವ ನಾಗರಿಕತೆ ನಿಷೇಧ? ಯುರೋಪಿನವರ ಶನಿವಾರ ಸಂಜೆ ಅಂತ ಗ್ರೀನ್‌ವಿಚ್ ಏಳಕ್ಕೆ ಇಟ್ಟರೆ ಬೆಂಗಳೂರಲ್ಲಿ ಭಾನುವಾರ ಬೆಳಗಿನ ಜಾವ ಹನ್ನೆರಡೂವರೆ. ಮೂರು ಸೋತವನು ನಾಲ್ಕನೇದಕ್ಕೆ ಬರದೇ ಹೋದರೆ ಅವನ ಎದುರಾಳಿ ಕಾದು ಕೂರಬೇಕು. ಟೈಬ್ರೇಕರ್ ತಗಾದೆ ಬೇರೆ.

ಎಲ್ಲಾ ನಿಜ. ಆದರೆ ಇದರಲ್ಲಿ ಅರ್ಧ ಭಾರ ಫೈನಲ್‌ನ ವೈಭವಕ್ಕಾಗಿ ಹೊತ್ತುಕೊಂಡದ್ದು. ಎಲ್ಲ ಪಂದ್ಯಕ್ಕೂ ಕಾಮೆಂಟರಿ ಬೇಡ. ಇಡೀ ವಾರ ಸಮಯ ಕೊಟ್ಟು, ನಿಮ್ಮ ಗಂಟೆ ನೀವೇ ಗೊತ್ತು ಮಾಡಿಕೊಳ್ಳಿ ಅನ್ನಿ. ರೆಕಾರ್ಡ್ ಆದ ಆಟದ ಫೈಲು ಕಳಿಸಿದರೆ ಫಲಿತಾಂಶ ದಾಖಲಾಯ್ತು. 64 ಜಾಸ್ತಿಯಾದರೆ ರೇಟಿಂಗ್ ನೋಡಿ 16ರ ನಾಲ್ಕು ಗುಂಪು ಮಾಡಿ. ಫೈನಲ್ ಬೇಕೇ ಬೇಕು ಅನ್ನೋರಿಗೆ ಕೊನೆಗೆ ಮೇಲಿನ ಎಂಟು ಜನರ ನಾಕೌಟ್ ಇಡಬಹುದು.

ಬಹುಮಾನದ ಹಣದ ಬಗ್ಗೆಯೂ ಒಂದು ಮಾತು. ಕಡಿಮೆ ರೇಟಿಂಗಿನವರಿಗೆ ಅಂತ ಟೂರ್ನಮೆಂಟ್ ಮಾಡಿ ಅದಕ್ಕೆ ದೊಡ್ಡ ಮೊತ್ತ ಇಟ್ಟರೆ, ಪಳಗಿದ ಆಟಗಾರ ಹೊಸ ಅಕೌಂಟ್ ಮಾಡಿಕೊಂಡು ಕಲಿಯುವವರ ನಡುವೆ ನುಗ್ಗುತ್ತಾನೆ. ಇದಕ್ಕೆ ಸ್ಮರ್ಫಿಂಗ್ ಅಂತಾರೆ. ಇವತ್ತಿನ ರೇಟಿಂಗ್ ಬಿಟ್ಟು ಇದುವರೆಗೆ ಮುಟ್ಟಿದ ಗರಿಷ್ಠ ರೇಟಿಂಗ್ ಕೇಳಬೇಕು, ಹಳೇ ಆಟಗಳ ಪಟ್ಟಿ ನೋಡಬೇಕು ಅಂತೆಲ್ಲ ನಿಯಮ ಬೆಳೆಯೋದು ಹೀಗೆ. ಹಣ ಕಮ್ಮಿ ಮಾಡಿದರೆ ಪೊಲೀಸ್ ಕೆಲಸವೂ ಕಮ್ಮಿ. ಹಿಡನ್ ಕಪ್ ನಡೆಸಿದ ಅದೇ ಟಿ90, ಕೆಳಗಿನ ರೇಟಿಂಗಿನವರ ಆಟಗಳಿಗೇ 'ಲೋ ಎಲೊ ಲೆಜೆಂಡ್ಸ್' ಅಂತ ಕಾಮೆಂಟರಿ ಸರಣಿ ಮಾಡ್ತಾರೆ. ಎಡವಟ್ಟು ಆಟಗಾರರ ಆಟವನ್ನೂ ಜನ ಪ್ರೀತಿಯಿಂದ ನೋಡ್ತಾರೆ. ಅವರಿಗೆ ಬೇಕಿರೋದು ಹಣ ಅಲ್ಲ, ತಮ್ಮ ಆಟವನ್ನೂ ಯಾರೋ ನೋಡಿದರು ಅನ್ನೋದು.

ಇಂಜಿನಿಯರ್ ಬುದ್ಧಿ, ಕೋಡಿನ ವಿಷಯ ಹೇಳದೆ ಇರೋಕಾಗಲ್ಲ. ಈ ಸರಣಿಯ ಮೊದಲ ಗೇಮು ಬರೆದಾಗ ಜನರ ಹತ್ತಿರ ಇದ್ದದ್ದು 28.8 ಮೋಡೆಮ್. ನೂರಾರು ಸೈನಿಕರ ಚಲನೆಯನ್ನ ಅದರಲ್ಲಿ ಕಳಿಸೋಕಾಗಲ್ಲ. ಅದಕ್ಕೆ ಎಲ್ಲ ಕಂಪ್ಯೂಟರುಗಳಲ್ಲೂ ಅದೇ ಆಟ ಒಟ್ಟೊಟ್ಟಿಗೆ ನಡೆಯುತ್ತೆ, ಆಟಗಾರರ ಆಜ್ಞೆ ಮಾತ್ರ ತಂತಿಯಲ್ಲಿ ಹೋಗುತ್ತೆ. ಎಲ್ಲರೂ ಒಂದೇ ಹೆಜ್ಜೆಯಲ್ಲಿ ಇರಬೇಕಾದ್ದರಿಂದ, ನಿಧಾನದ ಕಂಪ್ಯೂಟರ್ ಯಾವುದೋ ಅದರ ವೇಗಕ್ಕೆ ಉಳಿದವು ತಗ್ಗುತ್ತವೆ. ಹಳೇ ಲ್ಯಾಪ್‌ಟಾಪಿನವನೊಬ್ಬ ಬಂದರೆ ಎಲ್ಲರ ಸೈನ್ಯವೂ ತೆವಳುತ್ತೆ, ಎಲ್ಲರೂ ಬೈತಾರೆ. ಆದರೆ ಅವನನ್ನು ಬಿಟ್ಟು ಆಟ ಮುಂದೆ ಹೋಗಲ್ಲ. ಗೇಮಿನ ಕೋಡಿಗೆ ಇರುವ ಈ ಸೌಜನ್ಯ ಅದರ ಅಭಿಮಾನಿಗಳ ವೇಳಾಪಟ್ಟಿಗೂ ಬಂದರೆ ಸಾಕು.

ಮುಂದಿನ ಸಲ ಯಾರಾದರೂ ಟೂರ್ನಮೆಂಟಿನ ಪೋಸ್ಟರ್ ಕಳಿಸಿದಾಗ ಬಹುಮಾನದ ಮೊತ್ತ ನೋಡೋ ಮುಂಚೆ ಮೂರು ಪ್ರಶ್ನೆ ಕೇಳಿ. ಮೊದಲ ಪಂದ್ಯ ಸೋತವನಿಗೆ ಎರಡನೇ ಪಂದ್ಯ ಯಾವಾಗ? ಅವನಿಗೆ ಸರಿಸಮಾನ ಎದುರಾಳಿ ಎಷ್ಟನೇ ಸುತ್ತಿಗೆ ಸಿಗ್ತಾನೆ? ಕಳೆದ ಸಲ ಕೊನೇ ಸ್ಥಾನ ಬಂದವನು ಈ ಸಲ ಹೆಸರು ಕೊಟ್ಟಿದ್ದಾನಾ? ಮೂರನೇದಕ್ಕೆ ನಡೆಸುವವರ ಹತ್ತಿರ ಉತ್ತರ ಇದ್ದು, ಆ ಉತ್ತರ ಹೌದು ಅಂತಾದರೆ, ಕಣ್ಣು ಮುಚ್ಚಿ ಹೆಸರು ಕೊಡಿ.